ವರದಿಯಲ್ಲಿರುವುದು ವಿಳಾಸ, ಕಾರಣವಲ್ಲ

“ಡಾಕ್ಟರೇ, ನನಗೆ ನ್ಯೂರೋಪಥಿ ಆಗಿದೆಯಂತೆ. ವಾಸಿಯಾಗುತ್ತದೆಯೇ?” ನರರೋಗ ವಿಭಾಗದಲ್ಲಿ ಕೆಲಸ ಮಾಡುವ ಯಾರಿಗೂ ಈ ಪ್ರಶ್ನೆ ಹೊಸದಲ್ಲ. ಉತ್ತರಿಸುವ ಮೊದಲು ನಾನು ಕೇಳುವುದು ಒಂದೇ ಮಾತು: “ಯಾವುದರಿಂದ ಆಗಿದೆ ಎಂದು ಯಾರಾದರೂ ಹೇಳಿದರೇ?” ಹೆಚ್ಚಿನವರು ಮಾತಾಡದೆ ವರದಿಯನ್ನೇ ಮುಂದೆ ಚಾಚುತ್ತಾರೆ. ಇಷ್ಟು ದೊಡ್ಡ ಪದವೊಂದು ಅಚ್ಚಾಗಿರುವಾಗ ಕಾರಣವೂ ಅದರೊಳಗೇ ಇರಬೇಕು ಎಂಬ ನಂಬಿಕೆ ಅವರದು. ಅದು ಅಲ್ಲಿ ಇರುವುದಿಲ್ಲ. ನ್ಯೂರೋಪಥಿ ಎಂದರೆ ನರಕ್ಕೆ ತೊಂದರೆಯಾಗಿದೆ ಎಂದಷ್ಟೇ ಅರ್ಥ. ತೊಂದರೆ ಇರುವ ಜಾಗದ ವಿಳಾಸವನ್ನು ಅದು ಕೊಡುತ್ತದೆ, ಅಲ್ಲಿ ಏನು ನಡೆದಿದೆ ಎಂಬುದನ್ನು ಹೇಳುವುದಿಲ್ಲ. ಈ ವ್ಯತ್ಯಾಸ ತಿಳಿಯದೆ ವರ್ಷಗಟ್ಟಲೆ ಒಂದೇ ಮಾತ್ರೆ ನುಂಗುತ್ತಾ ಕುಳಿತವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ನರಗಳ ಕುರಿತ ವೈದ್ಯಕೀಯ ಪದಗಳಲ್ಲಿ ಬಹುಪಾಲು ಎರಡು ತುಂಡುಗಳ ಜೋಡಣೆ. ಮೊದಲ ತುಂಡು ಜಾಗವನ್ನು ಹೇಳುತ್ತದೆ, ಕೊನೆಯ ತುಂಡು ತೊಂದರೆಯ ಸ್ವರೂಪವನ್ನು. ‘ಐಟಿಸ್’ ಎಂದು ಮುಗಿದರೆ ಉರಿಯೂತ, ‘ಆಲ್ಜಿಯಾ’ ಎಂದರೆ ನೋವು. ‘ಪ್ಲೀಜಿಯಾ’ ಎಂದರೆ ಚಲನೆ ಪೂರ್ತಿ ನಿಂತಿದೆ, ‘ಪರೆಸಿಸ್’ ಎಂದರೆ ಬಲ ಕುಗ್ಗಿದೆ, ಆದರೆ ಇನ್ನೂ ಉಳಿದಿದೆ. ‘ಪಥಿ’ ಮಾತ್ರ ಇವುಗಳಲ್ಲೆಲ್ಲ ಮೌನಿ. ಏನೋ ಕೆಟ್ಟಿದೆ ಎನ್ನುವುದಕ್ಕಿಂತ ಹೆಚ್ಚಿನದೇನನ್ನೂ ಅದು ಬಿಟ್ಟುಕೊಡುವುದಿಲ್ಲ. ಹೀಗಾಗಿ ವರದಿಯಲ್ಲಿ ‘ಪಥಿ’ ಕಂಡರೆ, ಓದು ಅಲ್ಲಿಗೆ ಮುಗಿಯಲಿಲ್ಲ, ಹುಡುಕಾಟ ಆರಂಭವಾಯಿತು ಎಂದು ತಿಳಿಯಬೇಕು.

ಮಿದುಳಿನಿಂದ ಸ್ನಾಯುವಿನವರೆಗಿನ ದಾರಿಯನ್ನು ಒಮ್ಮೆ ಮನಸ್ಸಿನಲ್ಲಿ ಎಳೆದುಕೊಂಡರೆ ಈ ಪದಗಳು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ಮಿದುಳಿನ ಕೆಲಸ ಒಟ್ಟಾರೆಯಾಗಿ ಏರುಪೇರಾದರೆ ಎನ್ಸೆಫಲೋಪಥಿ. ಬೆನ್ನುಹುರಿಗೆ ತೊಂದರೆಯಾದರೆ ಮೈಲೋಪಥಿ. ಬೆನ್ನುಹುರಿಯಿಂದ ನರ ಹೊರಡುವ ಬುಡದಲ್ಲಿ, ಅಂದರೆ ನರಮೂಲದಲ್ಲಿ ತೊಂದರೆ ಇದ್ದರೆ ರ್‍ಯಾಡಿಕ್ಯುಲೋಪಥಿ. ಕಂಕುಳಿನ ಮೇಲ್ಭಾಗದಲ್ಲೋ ಸೊಂಟದ ಒಳಗೋ ನರಗಳು ಹೆಣೆದುಕೊಳ್ಳುವ ಜಾಲದಲ್ಲಾದರೆ ಪ್ಲೆಕ್ಸೋಪಥಿ. ಅಲ್ಲಿಂದ ಕೈಕಾಲಿನ ತುದಿಯವರೆಗೆ ಹರಡಿದ ನರಗಳಲ್ಲಾದರೆ ನ್ಯೂರೋಪಥಿ. ಕೊನೆಗೆ ಸ್ನಾಯುವಿನಲ್ಲೇ ಆದರೆ ಮಯೋಪಥಿ. ಈ ಸಾಲಿನಲ್ಲಿ ಮೈಲೋಪಥಿ ಮತ್ತು ಮಯೋಪಥಿ ಕಿವಿಗೆ ಹತ್ತಿರ, ಪರಿಣಾಮದಲ್ಲಿ ಬಹಳ ದೂರ. ಕುತ್ತಿಗೆಯಲ್ಲಿ ಬೆನ್ನುಹುರಿ ಒತ್ತಿಹೋಗಿ ಮೈಲೋಪಥಿಯಾಗಿದ್ದರೆ ಶಸ್ತ್ರಚಿಕಿತ್ಸಕರ ಅಭಿಪ್ರಾಯವನ್ನು ತಡಮಾಡದೆ ಪಡೆಯಬೇಕಾಗುತ್ತದೆ. ಫೋನಿನಲ್ಲಿ ಮನೆಯವರಿಗೆ ಹೇಳುವಾಗ ಒಂದು ಅಕ್ಷರ ನುಂಗಿಹೋದರೂ ಎಲ್ಲರೂ ಬೇರೆಯೇ ಕಾಯಿಲೆಯ ಬಗ್ಗೆ ಓದತೊಡಗುತ್ತಾರೆ. ವರದಿಯ ಪದವನ್ನು ಬಾಯಿಯಿಂದ ಬಾಯಿಗೆ ದಾಟಿಸುವ ಬದಲು ಚಿತ್ರ ತೆಗೆದು ಕಳುಹಿಸಿ ಎಂದು ನಾನು ಹೇಳುವುದು ಇದಕ್ಕಾಗಿಯೇ.

ಬೆನ್ನುಹುರಿಯಿಂದ ಹೊರಡುವ ನರಗಳು 31 ಜೋಡಿ, ಮಿದುಳಿನಿಂದ ನೇರವಾಗಿ ಹೊರಡುವವು 12 ಜೋಡಿ. ಕುತ್ತಿಗೆಯಲ್ಲಿ ಮೂಳೆಗಳು ಏಳೇ ಇದ್ದರೂ ನರಗಳು ಎಂಟು ಜೋಡಿ. ‘ಸಿ8’ ಎಂದು ವರದಿಯಲ್ಲಿ ಕಂಡು, ಇಲ್ಲದ ಮೂಳೆಯ ಹೆಸರು ಬರೆದಿದ್ದಾರೆ ಎಂದು ಕೆಲವರು ಆತಂಕಪಡುತ್ತಾರೆ. ಅದು ಮೂಳೆಯ ಸಂಖ್ಯೆಯಲ್ಲ, ನರದ ಸಂಖ್ಯೆ.

ವಿಳಾಸ ಸರಿಯಾಗಿ ಗೊತ್ತಾಗುವುದು ಏಕೆ ಇಷ್ಟು ಮುಖ್ಯ ಎನ್ನುವುದಕ್ಕೆ ಹೆಬ್ಬೆರಳಿನ ಜೋಮನ್ನೇ ತೆಗೆದುಕೊಳ್ಳಿ. ಕುತ್ತಿಗೆಯಲ್ಲಿ ಆರನೆಯ ನರಮೂಲ ಒತ್ತಿದರೂ ಹೆಬ್ಬೆರಳು ಜೋಮು ಹಿಡಿಯುತ್ತದೆ, ಮಣಿಕಟ್ಟಿನಲ್ಲಿ ಮೀಡಿಯನ್ ನರ ಒತ್ತಿದರೂ ಹಿಡಿಯುತ್ತದೆ. ಎರಡನೆಯದರ ಹೆಸರು ಕಾರ್ಪಲ್ ಟನಲ್ ಸಿಂಡ್ರೋಮ್. ಅದರಲ್ಲಿ ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಮತ್ತು ಉಂಗುರ ಬೆರಳಿನ ಅರ್ಧಭಾಗ ಸೇರುತ್ತವೆ. ರಾತ್ರಿ ನಿದ್ದೆಯಿಂದ ಎಬ್ಬಿಸುತ್ತದೆ, ಕೈ ಕೊಡವಿದರೆ ಸ್ವಲ್ಪ ಹಾಯೆನಿಸುತ್ತದೆ. ಮೊದಲನೆಯದರಲ್ಲಿ ಸಾಮಾನ್ಯವಾಗಿ ಕುತ್ತಿಗೆಯಿಂದ ತೋಳಿನ ಉದ್ದಕ್ಕೆ ನೋವು ಇಳಿಯುತ್ತದೆ, ಕತ್ತು ತಿರುಗಿಸಿದಾಗ ಹೆಚ್ಚುತ್ತದೆ. ಒಬ್ಬರಿಗೆ ಬೇಕಿರುವುದು ಮಣಿಕಟ್ಟಿಗೆ ರಾತ್ರಿ ಕಟ್ಟುವ ಪಟ್ಟಿ, ಇನ್ನೊಬ್ಬರಿಗೆ ಕುತ್ತಿಗೆಯ ಚಿಕಿತ್ಸೆ. ರೋಗಿ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ತೋರಿಸುವ ಆ ಎರಡು ನಿಮಿಷ ಎಷ್ಟೋ ಬಾರಿ ಎಂಆರ್‌ಐಗಿಂತ ಹೆಚ್ಚು ಹೇಳುತ್ತದೆ.

ಎಂಆರ್‌ಐ ಮಾತು ಬಂದಿದ್ದರಿಂದ ಹೇಳುತ್ತೇನೆ: ‘ಡಿಸ್ಕ್ ಬಲ್ಜ್’ ಎಂಬ ಎರಡು ಪದ ಜನರನ್ನು ಹೆದರಿಸಿದಷ್ಟು ಇನ್ನಾವುದೂ ಹೆದರಿಸಿಲ್ಲ. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬೆನ್ನುನೋವೇ ಇಲ್ಲದ 98 ಮಂದಿಯ ಸೊಂಟದ ಎಂಆರ್‌ಐ ಮಾಡಿ ನೋಡಿದರು. ಶೇ. 52ರಷ್ಟು ಜನರಲ್ಲಿ ಕನಿಷ್ಠ ಒಂದು ಡಿಸ್ಕ್ ಉಬ್ಬಿತ್ತು. ಅವರು ಆರಾಮವಾಗಿ ಓಡಾಡಿಕೊಂಡಿದ್ದವರು. ಚಿತ್ರದಲ್ಲಿ ಕಂಡದ್ದು ನಿಮ್ಮ ನೋವಿನ ಜಾಗಕ್ಕೂ ನಿಮ್ಮ ಪರೀಕ್ಷೆಯ ಚಿಹ್ನೆಗಳಿಗೂ ಹೊಂದಿದರೆ ಮಾತ್ರ ಅದಕ್ಕೆ ಬೆಲೆ. ಬಲಗಾಲಿನ ನೋವಿಗೆ ಎಡಬದಿಯ ಉಬ್ಬನ್ನು ಹೊಣೆ ಮಾಡಲಾಗದು.

ಇನ್ನು ನರವಹನ ಪರೀಕ್ಷೆ. ನರವೊಂದಕ್ಕೆ ಸಣ್ಣ ವಿದ್ಯುತ್ ಪ್ರಚೋದನೆ ಕೊಟ್ಟು, ಸಂಕೇತ ಎಷ್ಟು ವೇಗವಾಗಿ, ಎಷ್ಟು ಬಲವಾಗಿ ತಲುಪಿತು ಎಂದು ಅಳೆಯುವುದು ಇದರ ಕೆಲಸ. ನರಸಂಕೇತಕ್ಕೆ ವೇಗವಿದೆ, ಅದನ್ನು ಅಳೆಯಬಹುದು ಎಂದು 1850ರಲ್ಲಿ ಕಪ್ಪೆಯ ನರದ ಮೇಲೆ ತೋರಿಸಿಕೊಟ್ಟವರು ಜರ್ಮನಿಯ ಹೆರ್ಮನ್ ಹೆಲ್ಮ್‌ಹೋಲ್ಟ್ಸ್. ಸಂಕೇತ ಕ್ಷಣಮಾತ್ರದಲ್ಲಿ ತಲುಪುತ್ತದೆ, ಅಳೆಯಲು ಸಾಧ್ಯವಿಲ್ಲ ಎಂದು ಅಂದಿನ ಘಟಾನುಘಟಿಗಳೇ ನಂಬಿದ್ದ ಕಾಲ ಅದು. ಆರೋಗ್ಯವಂತ ವಯಸ್ಕರ ಕೈಯ ನರಗಳಲ್ಲಿ ಈ ವೇಗ ಸೆಕೆಂಡಿಗೆ ಸುಮಾರು 50 ಮೀಟರ್ ಅಥವಾ ಹೆಚ್ಚು, ಕಾಲಿನಲ್ಲಿ ಸುಮಾರು 40 ಮೀಟರ್ ಅಥವಾ ಹೆಚ್ಚು.

ಈ ಪರೀಕ್ಷೆಯ ವರದಿಯ ಕೊನೆಯಲ್ಲಿ ‘ಸಿಮೆಟ್ರಿಕ್ ಸೆನ್ಸರಿಮೋಟಾರ್ ಆಕ್ಸೋನಲ್ ಪಾಲಿನ್ಯೂರೋಪಥಿ’ ಎಂಬಂಥ ಸಾಲು ಇರುತ್ತದೆ. ಅದನ್ನು ಬಿಡಿಸಿ ಓದಿದರೆ ಭಯ ಅರ್ಧಕ್ಕೆ ಇಳಿಯುತ್ತದೆ. ಸಿಮೆಟ್ರಿಕ್ ಎಂದರೆ ಎರಡೂ ಬದಿ ಸಮನಾಗಿ. ಸೆನ್ಸರಿಮೋಟಾರ್ ಎಂದರೆ ಸ್ಪರ್ಶ ತಿಳಿಸುವ ನರಗಳೂ ಚಲನೆಯ ನರಗಳೂ ಸೇರಿವೆ. ಪಾಲಿ ಎಂದರೆ ಒಂದು ನರವಲ್ಲ, ಹಲವು. ಇಡೀ ಸಾಲಿನಲ್ಲಿ ವೈದ್ಯರ ಕಣ್ಣು ಮೊದಲು ಹೋಗುವುದು ಆಕ್ಸೋನಲ್ ಎಂಬ ಪದದ ಮೇಲೆ. ಆಕ್ಸಾನ್ ಎಂದರೆ ನರದೊಳಗಿನ ತಂತು. ಅದರ ಸುತ್ತ ಮಯೆಲಿನ್ ಎಂಬ ಕೊಬ್ಬಿನಂಶದ ಹೊದಿಕೆ ಇರುತ್ತದೆ. ತಂತು ಹಾಳಾದರೆ ಸಂಕೇತದ ಬಲ ಕುಗ್ಗುತ್ತದೆ, ಹೊದಿಕೆ ಹಾಳಾದರೆ ವೇಗ ಬೀಳುತ್ತದೆ. ಹೊದಿಕೆ ಹಾಳಾದದ್ದನ್ನು ಡಿಮಯೆಲಿನೇಟಿಂಗ್ ಎನ್ನುತ್ತೇವೆ. ಅದರಲ್ಲಿ ಕೆಲವು ಬಗೆಗಳು ದೇಹದ ರೋಗನಿರೋಧಕ ವ್ಯವಸ್ಥೆಯೇ ನರದ ಮೇಲೆ ತಿರುಗಿಬೀಳುವುದರಿಂದ ಆಗುವಂಥವು, ಚಿಕಿತ್ಸೆಗೆ ಚೆನ್ನಾಗಿ ಸ್ಪಂದಿಸುವಂಥವು. ಆದ್ದರಿಂದ ಆ ಪದ ಕಂಡರೆ ತಜ್ಞರ ಭೇಟಿಯನ್ನು ಮುಂದೂಡಬೇಡಿ. ಹರಿದುಹೋದ ತಂತು ಮತ್ತೆ ಬೆಳೆಯುವುದಾದರೂ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಲೆಕ್ಕದಲ್ಲಿ. ಮೊಣಕೈ ಬಳಿಯ ಗಾಯದಿಂದ ಬೆರಳಿನವರೆಗೆ ಅದು ತಲುಪಲು ಒಂದು ವರ್ಷವೇ ಹಿಡಿಯಬಹುದು.

ಈ ಪರೀಕ್ಷೆಗೆ ಒಂದು ಕುರುಡು ಮೂಲೆಯಿದೆ, ಅದನ್ನು ರೋಗಿಗಳಿಗೆ ಹೇಳದಿರುವುದು ಅನ್ಯಾಯ. ದಪ್ಪ ನರತಂತುಗಳನ್ನಷ್ಟೇ ಅದು ಅಳೆಯಬಲ್ಲದು. ನೋವು, ಬಿಸಿ, ತಣ್ಣನೆಯ ಅನುಭವವನ್ನು ಸಾಗಿಸುವ ಸಣ್ಣ ತಂತುಗಳು ಅದರ ಕೈಗೆ ಸಿಗುವುದಿಲ್ಲ. ಅಂಗಾಲು ಕೆಂಡದಂತೆ ಉರಿಯುತ್ತದೆ, ರಾತ್ರಿ ಹೊದಿಕೆ ತಾಗಿದರೂ ಸಹಿಸಲಾಗುವುದಿಲ್ಲ ಎನ್ನುವವರ ವರದಿ ‘ನಾರ್ಮಲ್’ ಎಂದು ಬರುವುದು ಹೀಗೆ. ಇದು ಸ್ಮಾಲ್ ಫೈಬರ್ ನ್ಯೂರೋಪಥಿ ಇರಬಹುದು. ಮೆಲುಸ್ಪರ್ಶವೂ ನೋವಾಗುವುದಕ್ಕೆ ಅಲೊಡೈನಿಯಾ ಎಂಬ ಹೆಸರೇ ಇದೆ. ವರದಿ ಸರಿಯಿದೆ, ಎಲ್ಲ ನಿಮ್ಮ ಭ್ರಮೆ ಎಂದು ಇವರನ್ನು ಮನೆಗೆ ಕಳುಹಿಸುವುದನ್ನು ನಾನು ಒಪ್ಪುವುದಿಲ್ಲ. ಅಗತ್ಯವಿದ್ದರೆ ಚರ್ಮದ ಚಿಕ್ಕ ತುಣುಕು ತೆಗೆದು ಅಲ್ಲಿನ ನರತುದಿಗಳನ್ನು ಎಣಿಸುವ ಪರೀಕ್ಷೆಯಿದೆ.

ಪರಿಭಾಷೆ ಗೊತ್ತಿಲ್ಲದ್ದರಿಂದ ತಮಗೆ ವಿವರಿಸಲು ಬಾರದು ಎಂದು ಅಂಜುವವರು ಅನೇಕರು. ನನಗೆ ಬೇಕಿರುವುದು ಅವರ ಮಾತೇ. ಜೋಮು, ಮರಗಟ್ಟಿದ್ದು, ಉರಿ, ಇರುವೆ ಹರಿದಾಡಿದಂತೆ, ಕರೆಂಟ್ ಹೊಡೆದಂತೆ, ಹತ್ತಿಯ ಮೇಲೆ ಕಾಲಿಟ್ಟಂತೆ: ಇವು ಒಂದೇ ಅನುಭವದ ಬೇರೆ ಬೇರೆ ಹೆಸರುಗಳಲ್ಲ. ಹತ್ತಿಯ ಮೇಲೆ ನಡೆದಂತಾಗುವುದು ದಪ್ಪ ತಂತುಗಳೋ ಬೆನ್ನುಹುರಿಯ ಹಿಂಭಾಗವೋ ಸೋತಿರುವ ಸೂಚನೆ. ಕುತ್ತಿಗೆ ಬಗ್ಗಿಸಿದೊಡನೆ ಬೆನ್ನಿನುದ್ದಕ್ಕೆ ಕರೆಂಟ್ ಹರಿದಂತಾದರೆ ನಾನು ಕುತ್ತಿಗೆಯ ಬೆನ್ನುಹುರಿಯ ಕಡೆ ನೋಡುತ್ತೇನೆ. ಮರಗಟ್ಟಿದೆ ಎಂದವರಿಗೆ ಒಂದು ಮರುಪ್ರಶ್ನೆ ತಪ್ಪದು: ಮುಟ್ಟಿದರೆ ತಿಳಿಯುವುದಿಲ್ಲವೋ, ಅಥವಾ ಎತ್ತಲು ಬಲವಿಲ್ಲವೋ? ಸ್ಪರ್ಶ ಹೋಗುವುದು ಬೇರೆ, ಬಲ ಹೋಗುವುದು ಬೇರೆ. ಇಂಗ್ಲಿಷ್ ಪದವನ್ನು ಎರವಲು ಪಡೆದು ‘ನಂಬ್‌ನೆಸ್’ ಎಂದುಬಿಟ್ಟರೆ ಈ ಭೇದವೆಲ್ಲ ಅಳಿಸಿಹೋಗುತ್ತದೆ.

ವಿಳಾಸವನ್ನೂ ಹೇಳದ, ಕಾರಣವನ್ನೂ ಹೇಳದ ಒಂದು ಪದವಿದೆ: ‘ನರ ದೌರ್ಬಲ್ಯ’. ಸುಸ್ತು, ಕೈನಡುಕ, ನಿದ್ರಾಹೀನತೆ, ಲೈಂಗಿಕ ಆತಂಕ, ಕಾಲುಸೆಳೆತ ಎಲ್ಲವನ್ನೂ ಅದರ ಕೆಳಗೆ ತುಂಬಿ ಜಾಹೀರಾತುಗಳು ಟಾನಿಕ್ ಮಾರುತ್ತವೆ. ಪಾಶ್ಚಾತ್ಯ ವೈದ್ಯಕೀಯಕ್ಕೂ ಇದರ ಸೋದರನಿದ್ದ. 1869ರಲ್ಲಿ ಅಮೆರಿಕದ ಜಾರ್ಜ್ ಬಿಯರ್ಡ್ ‘ನ್ಯೂರಸ್ತೇನಿಯಾ’ ಎಂಬ ಹೆಸರನ್ನು ಪ್ರಚಾರಕ್ಕೆ ತಂದ. ನರಶಕ್ತಿ ಬತ್ತಿಹೋಗುವುದು ಎಂಬ ಕಲ್ಪನೆ ಅದು. ವಿಶ್ವ ಆರೋಗ್ಯ ಸಂಸ್ಥೆಯ ಇತ್ತೀಚಿನ, 2022ರಿಂದ ಜಾರಿಯಲ್ಲಿರುವ ರೋಗ ವರ್ಗೀಕರಣದಲ್ಲಿ ಅದಕ್ಕೆ ಜಾಗವಿಲ್ಲ. ಸುಸ್ತಿನ ಹಿಂದೆ ರಕ್ತಹೀನತೆಯೋ ಖಿನ್ನತೆಯೋ ಇರಬಹುದು. ಕೈನಡುಕದ ಹಿಂದೆ ಥೈರಾಯ್ಡ್ ಅಥವಾ ಪಾರ್ಕಿನ್ಸನ್ ಇರಬಹುದು. ಸಂಜೆಯಾಗುತ್ತಿದ್ದಂತೆ ರೆಪ್ಪೆ ಜೋತುಬಿದ್ದು ಅಗಿಯಲು ಬಲ ಸಾಲದಾದರೆ ಅದು ಮಯಸ್ತೇನಿಯಾ ಗ್ರೇವಿಸ್ ಆಗಿರಬಹುದು. ಅಲ್ಲಿ ನರವೂ ಸ್ನಾಯುವೂ ಸರಿಯಾಗಿದ್ದು, ಎರಡೂ ಸಂಧಿಸುವ ಜಾಗದಲ್ಲಿ ಸಂಕೇತ ದಾಟುವುದಿಲ್ಲ. ಇವಕ್ಕೆಲ್ಲ ಚಿಕಿತ್ಸೆಯಿದೆ. ಆ ಚಿಕಿತ್ಸೆ ಟಾನಿಕ್ ಬಾಟಲಿಯಲ್ಲಿಲ್ಲ.

ಮತ್ತೆ ಕಾರಣಕ್ಕೆ ಬರೋಣ. ಪಾಲಿನ್ಯೂರೋಪಥಿಗೆ ಮೊದಲು ಹುಡುಕಬೇಕಾದದ್ದು ಮಧುಮೇಹ. ನಂತರ ಬಿ12 ಕೊರತೆ, ಮದ್ಯಪಾನ, ಥೈರಾಯ್ಡ್, ಮೂತ್ರಪಿಂಡದ ತೊಂದರೆ, ಕ್ಯಾನ್ಸರಿನ ಕೆಲವು ಔಷಧಗಳು, ವಂಶವಾಹಿ ದೋಷಗಳು. ಕುಷ್ಠರೋಗವನ್ನು ಪಟ್ಟಿಯಿಂದ ಬಿಡುವಂತಿಲ್ಲ. ಸ್ಪರ್ಶವಿಲ್ಲದ ಚರ್ಮದ ಮಚ್ಚೆ, ದಪ್ಪಗಾದ ನರ ಕಂಡರೆ ಅದನ್ನೂ ನೋಡಲೇಬೇಕು. ಮಧುಮೇಹಕ್ಕೆ ಮೆಟ್‌ಫಾರ್ಮಿನ್ ದೀರ್ಘಕಾಲ ತೆಗೆದುಕೊಳ್ಳುವವರಲ್ಲಿ ಬಿ12 ಕುಸಿಯಬಹುದು. ಆಗ ಕಾಲುರಿಯ ಹೊಣೆಯನ್ನೆಲ್ಲ ಸಕ್ಕರೆಯ ಮೇಲೆ ಹೊರಿಸಿ ಬಿ12 ಅಳೆಯುವುದನ್ನೇ ಮರೆಯುವುದುಂಟು. ಇದರ ವಿರುದ್ಧ ತುದಿಯೂ ಇದೆ: ‘ನರಕ್ಕೆ ಒಳ್ಳೆಯದು’ ಎಂದು ಬಿ6 ಇರುವ ಮಾತ್ರೆಗಳನ್ನು ಹೆಚ್ಚಿನ ಪ್ರಮಾಣದಲ್ಲಿ ತಿಂಗಳುಗಟ್ಟಲೆ ನುಂಗಿದರೆ ಆ ಬಿ6 ತಾನೇ ನ್ಯೂರೋಪಥಿ ತರುತ್ತದೆ. ಮಾತ್ರೆಯ ಹಿಂಬದಿಯಲ್ಲಿ ಪಿರಿಡಾಕ್ಸಿನ್ ಎಂದು ಬರೆದಿರುವುದು ಅದನ್ನೇ. ಎಲ್ಲ ಪರೀಕ್ಷೆ ಮುಗಿದರೂ ಕಾರಣ ಸಿಗದಿದ್ದರೆ ‘ಇಡಿಯೋಪಥಿಕ್’ ಎಂದು ಬರೆಯುತ್ತೇವೆ. ಹೀಗೆ ಉಳಿಯುವವರ ಪಾಲು ಕಡಿಮೆಯೇನಲ್ಲ. ಆದರೆ ಆ ಪದ ಹುಡುಕಾಟದ ಕೊನೆಗೆ ಬರಬೇಕು, ಹುಡುಕದೆಯೇ ಬರಬಾರದು. ನಿಮ್ಮ ಕಡತದಲ್ಲಿ ಅದು ಇದ್ದರೆ ಯಾವ ಯಾವ ಪರೀಕ್ಷೆ ಆಗಿದೆ ಎಂದು ಕೇಳುವ ಹಕ್ಕು ನಿಮಗಿದೆ.

ಕೆಲವು ಲಕ್ಷಣಗಳಿಗೆ ಮಾತ್ರ ಹೆಸರು ಸಿಗುವವರೆಗೆ ಕಾಯುವಂತಿಲ್ಲ. ಜೋಮು ಮತ್ತು ನಿಶ್ಶಕ್ತಿ ಪಾದದಿಂದ ಮೊದಲಾಗಿ ಕೆಲವೇ ದಿನಗಳಲ್ಲಿ ಮೇಲೇರುತ್ತಿದ್ದರೆ ಅದು ಗಿಯಾನ್ ಬಾರೆ ಸಿಂಡ್ರೋಮ್ ಇರಬಹುದು. 1916ರಲ್ಲಿ ಫ್ರಾನ್ಸಿನ ವೈದ್ಯರು ವಿವರಿಸಿದ ಈ ಕಾಯಿಲೆ ಉಸಿರಾಟದ ಸ್ನಾಯುಗಳನ್ನೂ ತಲುಪಬಲ್ಲದು. ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೆಯ ಮೂಳೆಯ ಹತ್ತಿರ ಮುಗಿಯುತ್ತದೆ, ಅದರ ಕೆಳಗೆ ಇರುವುದು ನರಮೂಲಗಳ ಗೊಂಚಲು, ಕಾಡಾ ಇಕ್ವೈನಾ. ಸೊಂಟನೋವಿನ ಜೊತೆಗೆ ಮೂತ್ರ ಕಟ್ಟಿದರೆ, ಕುಳಿತಾಗ ನೆಲ ತಾಗುವ ಜಾಗದಲ್ಲಿ ಸ್ಪರ್ಶ ಹೋದರೆ ಆ ಗೊಂಚಲು ಒತ್ತಿಹೋಗುತ್ತಿದೆ ಎಂದು ಸಂಶಯಿಸಬೇಕು, ಶಸ್ತ್ರಚಿಕಿತ್ಸೆಗೆ ಸಿಗುವುದು ಗಂಟೆಗಳ ಅವಕಾಶ. ಬಾಯಿ ಒಂದು ಬದಿಗೆ ಸೊಟ್ಟಗಾದಾಗ ಅದು ಮುಖದ ನರದ ಬೆಲ್ಸ್ ಪಾಲ್ಸಿಯೋ ಮಿದುಳಿನ ಪಾರ್ಶ್ವವಾಯುವೋ ಎಂದು ವೈದ್ಯರು ಹಣೆ ಸುಕ್ಕುಗಟ್ಟಿಸಲು ಹೇಳಿ ಅಂದಾಜಿಸುತ್ತಾರೆ. ಮನೆಯಲ್ಲಿ ಆ ಪರೀಕ್ಷೆ ಮಾಡುತ್ತಾ ಕೂರಬೇಡಿ. ಪಾರ್ಶ್ವವಾಯುವಿನಲ್ಲಿ ರಕ್ತದ ಗಡ್ಡೆ ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಬೆಲ್ಸ್ ಪಾಲ್ಸಿಯೇ ಆಗಿದ್ದರೂ ಸ್ಟಿರಾಯ್ಡ್ ಮಾತ್ರೆಗಳನ್ನು 72 ಗಂಟೆಯೊಳಗೆ ಶುರು ಮಾಡಿದರೆ ಮುಖ ಮೊದಲಿನಂತಾಗುವ ಸಾಧ್ಯತೆ ಹೆಚ್ಚು. ಬಾಯಿ ಸೊಟ್ಟಗಾದದ್ದು ಎಷ್ಟು ಹೊತ್ತಿಗೆ ಎಂಬುದನ್ನು ಬರೆದಿಟ್ಟುಕೊಂಡು ಹೊರಡಿ, ತುರ್ತು ವಿಭಾಗದಲ್ಲಿ ಮೊದಲು ಕೇಳುವುದೇ ಅದು.