ಪ್ರವಾಸದ ಟಿಪ್ಪಣಿ ಕಾದಂಬರಿ ಆಗುವುದು ಯಾವಾಗ?

ಪ್ರಶ್ನೆ: ದೂರದ ಊರೊಂದಕ್ಕೆ ಹೋಗಿ ಬಂದಾಗಿನಿಂದ ಕಾದಂಬರಿ ಬರೆಯುವ ಆಸೆ ಹತ್ತಿದೆ. ನೋಟ್‌ಬುಕ್ ತುಂಬ ಟಿಪ್ಪಣಿ ಇದೆ, ನೂರಾರು ಫೋಟೊ ಇವೆ. ಆದರೆ ಬರೆಯಲು ಕೂತರೆ ಪ್ರವಾಸ ಕಥನವೇ ಬರುತ್ತದೆ. ಹಿಂದೆ ಸಣ್ಣ ಕಥೆಯನ್ನೂ ಬರೆದಿಲ್ಲ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ನಿಮ್ಮ ನೋಟ್‌ಬುಕ್ಕಿನಲ್ಲಿ ಊರು ಇದೆ, ಆ ಊರಿನಲ್ಲಿ ಸಿಕ್ಕಿಕೊಂಡ ಮನುಷ್ಯ ಇನ್ನೂ ಇಲ್ಲ. ತೊಂದರೆ ಇರುವುದು ಇಲ್ಲೇ. ಪ್ರವಾಸಿಯ ಜೇಬಿನಲ್ಲಿ ವಾಪಸ್ ಟಿಕೆಟ್ ಇರುತ್ತದೆ. ಮಳೆ ಜಾಸ್ತಿಯಾದರೆ, ಜಗಳವಾದರೆ, ಬೇಸರ ಬಂದರೆ ಎದ್ದು ಹೊರಡಬಹುದು. ಹೊರಡಬಲ್ಲವನ ಕಣ್ಣಿಗೆ ಬಿದ್ದದ್ದೆಲ್ಲ ನೋಟವಾಗಿಯೇ ಉಳಿಯುತ್ತದೆ. ಹೊರಡಲಾಗದವರಿಗೆ ಅದೇ ಮಳೆ, ಅದೇ ಜಗಳ ಬದುಕಿನ ಪ್ರಶ್ನೆ. ಕಾದಂಬರಿ ಹುಟ್ಟುವುದು ಆ ಎರಡನೆಯವರಲ್ಲಿ. ಆದ್ದರಿಂದ ಮೊದಲ ಕೆಲಸ ಊರನ್ನು ಇನ್ನಷ್ಟು ಚೆನ್ನಾಗಿ ವರ್ಣಿಸುವುದಲ್ಲ, ಅಲ್ಲಿಂದ ಹೋಗಲಾಗದವರು ಯಾರೆಂದು ಹುಡುಕುವುದು.

ಜೋಸೆಫ್ ಕಾನ್ರಾಡ್ ಕಾದಂಬರಿಕಾರನಾದ ದಾರಿಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. 1887ರಲ್ಲಿ ಆತ ‘ವಿದಾರ್’ ಎಂಬ ಉಗಿಹಡಗಿನಲ್ಲಿ ಅಧಿಕಾರಿಯಾಗಿದ್ದ. ಬೋರ್ನಿಯೊ ದ್ವೀಪದ ಬೆರಾವ್ ನದಿಯ ಒಳಗಿದ್ದ ವ್ಯಾಪಾರದ ನೆಲೆಗೆ ಆ ಹಡಗು ಸರಕು ಒಯ್ಯುತ್ತಿತ್ತು. ಆ ನದಿ, ಕಾಡು, ಮಳೆ ಎಲ್ಲವನ್ನೂ ಕಂಡಿದ್ದ ಕಾನ್ರಾಡ್ ಬರೆದದ್ದು ಹಡಗಿನಲ್ಲಿ ಬಂದು ಹೋಗುವ ಅಧಿಕಾರಿಯ ಕಥೆಯನ್ನಲ್ಲ. ಅದೇ ದಡದಲ್ಲಿ ವರ್ಷಗಟ್ಟಲೆ ಕೂತು, ಸಂಪತ್ತು ಕೈಗೆ ಬಂದೀತು, ಮಗಳನ್ನು ಕರೆದುಕೊಂಡು ಯುರೋಪಿಗೆ ಹೊರಟೇನು ಎಂದು ಕನಸು ಕಾಣುವ ಡಚ್ ವ್ಯಾಪಾರಿಯ ಕಥೆ ಬರೆದ. 1889ರಲ್ಲಿ ಲಂಡನ್ನಿನಲ್ಲಿ ಶುರುವಾದ ಆ ಬರವಣಿಗೆ ‘ಆಲ್ಮೇಯರ್ಸ್ ಫಾಲಿ’ ಎಂಬ ಹೆಸರಿನಲ್ಲಿ ಅಚ್ಚಾದದ್ದು 1895ರಲ್ಲಿ. ನಡುವೆ ಹಸ್ತಪ್ರತಿ ಅವನೊಂದಿಗೆ ಕಾಂಗೋಗೂ ಹೋಗಿ ಬಂತು. ಮೊದಲ ಕಾದಂಬರಿಗೆ ಇಷ್ಟು ವರ್ಷ ಹಿಡಿದರೆ ಅದು ಸೋಲಲ್ಲ.

ಇನ್ನೊಂದನ್ನೂ ಗಮನಿಸಿ. ಕಾನ್ರಾಡ್ ಅಲ್ಲಿಗೆ ನೋಡಲು ಹೋದವನಲ್ಲ, ದುಡಿಯಲು ಹೋದವನು. ದುಡಿಮೆ ತೆರೆದು ತೋರಿಸುವ ಊರಿಗೂ ದರ್ಶನಕ್ಕೆ ಸಿಗುವ ಊರಿಗೂ ಬಹಳ ಅಂತರವಿದೆ. ಮುಂದಿನ ಸಲ ಹೊರಡುವಾಗ ಎರಡೆರಡು ದಿನದಂತೆ ಐದು ಊರು ಸುತ್ತುವ ಬದಲು ಒಂದೇ ಊರಿನಲ್ಲಿ ಹತ್ತು ದಿನ ನಿಲ್ಲಿ. ಸಾಧ್ಯವಾದರೆ ಯಾವುದಾದರೂ ಕೆಲಸಕ್ಕೆ ಕೈ ಜೋಡಿಸಿ: ಸರಕು ಇಳಿಸುವುದು, ಬಲೆ ಬಿಡಿಸುವುದು, ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ ನಿಲ್ಲುವುದು. ಊರು ದೂರದ್ದೇ ಆಗಬೇಕೆಂದೇನಿಲ್ಲ. ನಿಮಗೆ ಅಭ್ಯಾಸವಾಗಿಲ್ಲದ ಊರಾದರೆ ಸಾಕು.

ಟಿಪ್ಪಣಿಯಲ್ಲಿ ಏನಿರಬೇಕು

ಹೊಸ ಊರಿನ ವಿವರ ಅತಿ ಚುರುಕಾಗಿ ಕಾಣುವುದು ಮೊದಲ ಎರಡು ದಿನ. ಮೂರನೆಯ ದಿನಕ್ಕೆ ವಾಸನೆ ಮೂಗಿಗೆ ಬಡಿಯುವುದಿಲ್ಲ, ಸದ್ದು ಕಿವಿಗೆ ಬೀಳುವುದಿಲ್ಲ. ಹಾಗಾಗಿ ಆ ಎರಡು ದಿನ ಹೆಚ್ಚು ಬರೆಯಿರಿ, ಅದೂ ಅದೇ ದಿನ ಮಲಗುವ ಮೊದಲು, ಅರ್ಧ ಗಂಟೆಯಾದರೂ. ನಿದ್ದೆ ಮಾಡಿ ಎದ್ದ ಮೇಲೆ ಬರೆದದ್ದು ಸಾರಾಂಶವಾಗಿಬಿಡುತ್ತದೆ. ‘ಮಾರುಕಟ್ಟೆ ತುಂಬ ಗಲಾಟೆ, ಬಣ್ಣಬಣ್ಣ’ ಎಂಬಂಥ ಸಾಲು ಆರು ತಿಂಗಳ ಮೇಲೆ ಯಾವ ಕೆಲಸಕ್ಕೂ ಬರುವುದಿಲ್ಲ.

ಕೆಲಸಕ್ಕೆ ಬರುವುದು ಇಂಥವು: ಯಾರು ಯಾರಿಗೆ ಯಾವಾಗ ದುಡ್ಡು ಕೊಡುತ್ತಾರೆ, ಸಾಲ ಬರೆದಿಡುವವರು ಯಾರು. ಒಂದು ಕೆಲಸವನ್ನು ಕೈ ಹೇಗೆ ಮಾಡುತ್ತದೆ, ಯಾವ ಬೆರಳಿಗೆ ಏನು ಕಟ್ಟಿಕೊಂಡಿದ್ದಾರೆ. ಹಿರಿಯರನ್ನು ಕಿರಿಯರು ಹೇಗೆ ಕರೆಯುತ್ತಾರೆ, ಬೇಡ ಎನ್ನಬೇಕಾದಾಗ ನೇರವಾಗಿ ಹೇಳುತ್ತಾರೋ ಸುತ್ತಿ ಬಳಸಿ ಹೇಳುತ್ತಾರೋ. ಮೊದಲ ಅಂಗಡಿ ತೆರೆಯುವುದು ಎಷ್ಟು ಹೊತ್ತಿಗೆ, ಕೊನೆಯ ಬಸ್ಸು ಎಷ್ಟಕ್ಕೆ. ಕೊನೆಯ ಬಸ್ಸಿನ ಸಮಯ ಸಣ್ಣ ವಿಷಯವೆಂದು ಬಿಡಬೇಡಿ. ಅದು ತಪ್ಪಿಹೋದ ರಾತ್ರಿಯೇ ಒಂದು ಅಧ್ಯಾಯವಾದೀತು.

ಫೋಟೊ ಮಸೂರದ ಮುಂದೆ ಇದ್ದದ್ದನ್ನು ಮಾತ್ರ ಹಿಡಿಯುತ್ತದೆ. ಮುಖ್ಯವೆನಿಸಿದ ಒಂದೊಂದು ಫೋಟೊಕ್ಕೂ ಎರಡು ಸಾಲು ಬರೆದಿಡಿ: ಚೌಕಟ್ಟಿನ ಆಚೆ ಏನಿತ್ತು, ಆ ಕ್ಷಣ ನಿಮಗೆ ಏನು ಅನ್ನಿಸಿತು. ಒಂದೇ ಜಾಗಕ್ಕೆ ನಸುಕಿನಲ್ಲಿ, ನಡುಮಧ್ಯಾಹ್ನ, ರಾತ್ರಿ ಹೀಗೆ ಮೂರು ಸಲ ಹೋಗಿ. ಪ್ರತಿ ಸಲ ಒಂದು ನಿಮಿಷದ ಸದ್ದನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಬರೆಯುವಾಗ ಊರನ್ನು ಕಣ್ಣಮುಂದೆ ತರುವುದರಲ್ಲಿ ಆ ಸದ್ದು ನೂರು ಫೋಟೊಗಳನ್ನು ಮೀರಿಸುತ್ತದೆ.

ಮನೆಗೆ ಮರಳಿ ಒಂದು ವಾರದೊಳಗೆ ಇನ್ನೊಂದು ಕೆಲಸ ಮಾಡಿ. ನೋಟ್‌ಬುಕ್ ಮುಚ್ಚಿಟ್ಟು, ನೆನಪಿನಲ್ಲಿ ಉಳಿದದ್ದನ್ನಷ್ಟೇ ಮೂರು ಪುಟ ಬರೆಯಿರಿ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಪ್ರಸಿದ್ಧ ಸ್ಥಳಗಳಲ್ಲಿ ಹಲವು ನೆನಪಿನಲ್ಲಿ ಇರುವುದೇ ಇಲ್ಲ. ಬದಲಿಗೆ ಯಾರೋ ಒಬ್ಬರ ಮುಖ, ಅರ್ಧಕ್ಕೆ ನಿಂತ ಮಾತು ಉಳಿದಿರುತ್ತದೆ. ಬರೆಯಬೇಕಾದ ವಸ್ತು ಆ ಮೂರು ಪುಟಗಳಲ್ಲಿರುತ್ತದೆ, ಅದಕ್ಕೆ ಬೇಕಾದ ವಿವರ ನೋಟ್‌ಬುಕ್ಕಿನಲ್ಲಿರುತ್ತದೆ. ಮೊದಲ ಸಲ ಬರೆಯುವವರು ಇದನ್ನು ತಿರುವುಮುರುವು ಮಾಡುತ್ತಾರೆ. ನೋಟ್‌ಬುಕ್ಕಿನ ಮೊದಲ ಪುಟದಿಂದಲೇ ಶುರು ಮಾಡುವುದರಿಂದ ಪ್ರಯಾಣದ ಕ್ರಮವೇ ಕಥೆಯ ಕ್ರಮವಾಗಿಬಿಡುತ್ತದೆ.

ಟಿಪ್ಪಣಿಯಿಂದ ಕಥೆಗೆ

ಅಲ್ಲಿ ಕಂಡವರಲ್ಲಿ ಹತ್ತು ಜನರನ್ನು ಆರಿಸಿ. ಒಬ್ಬೊಬ್ಬರ ಹೆಸರಿನ ಮುಂದೆ ಮೂರು ಸಾಲು: ಇವರಿಗೆ ಏನು ಬೇಕು, ಅದಕ್ಕೆ ಅಡ್ಡ ಯಾರು ಅಥವಾ ಏನು, ಊರು ಬಿಟ್ಟು ಹೋದರೆ ಕಳೆದುಕೊಳ್ಳುವುದೇನು. ಗೊತ್ತಿಲ್ಲದಿದ್ದರೆ ಕಲ್ಪಿಸಿ. ಕಾದಂಬರಿಕಾರನ ಕೆಲಸ ಈ ಗಳಿಗೆಯಿಂದ ಶುರುವಾಗುತ್ತದೆ. ಮೂರನೆಯ ಸಾಲು ಯಾರದ್ದು ಭಾರವಾಗಿದೆಯೋ ಅವರೇ ನಿಮ್ಮ ಮುಖ್ಯ ಪಾತ್ರ.

ಉದಾಹರಣೆಗೆ ಟಿಪ್ಪಣಿಯಲ್ಲಿ ಹೀಗಿದೆ ಎನ್ನೋಣ: ‘ನದಿ ದಾಟಲು ಕಾಲು ಗಂಟೆ. ದೋಣಿ ನಡೆಸುವ ಹೆಂಗಸು ಚಿಲ್ಲರೆಯನ್ನು ಎಣಿಸದೆ ಡಬ್ಬಿಗೆ ಹಾಕಿದಳು. ಮೇಲ್ಗಡೆ ಹೊಸ ಸೇತುವೆಯ ಕಂಬಗಳು ಎದ್ದಿವೆ.’ ಸದ್ಯಕ್ಕೆ ಇದೊಂದು ಚಿತ್ರ ಮಾತ್ರ. ಈಗ ಮೂರು ಸಾಲು ತುಂಬಿ. ದೋಣಿಯ ಮೇಲಿನ ಸಾಲ ತೀರಲು ಎರಡು ವರ್ಷ ಬೇಕು. ಸೇತುವೆ ಎಂಟು ತಿಂಗಳಲ್ಲಿ ತೆರೆಯುತ್ತದೆ. ಮಗ ಆ ಸೇತುವೆಯ ಕೆಲಸಕ್ಕೇ ಹೋಗುತ್ತಿದ್ದಾನೆ, ಮನೆ ನಡೆಯುತ್ತಿರುವುದು ಅವನ ಕೂಲಿಯಿಂದ. ಈಗ ಪ್ರತಿ ದೋಣಿಯಾನಕ್ಕೂ ಒಂದು ಅರ್ಥ ಬಂತು, ಕಾಲಕ್ಕೆ ಗಡುವು ಬಂತು, ಒಂದೇ ಮನೆಯಲ್ಲಿ ಎರಡು ಪಕ್ಷ ಹುಟ್ಟಿದವು.

ಇಷ್ಟಾದ ಮೇಲೆ ಒಂದು ಪರೀಕ್ಷೆ. ಈ ಕಥೆಯನ್ನು ಎತ್ತಿ ಬೇರೊಂದು ಊರಿನಲ್ಲಿ ಇಟ್ಟರೆ ಏನೂ ಬದಲಾಗುವುದಿಲ್ಲವೇ? ಹಾಗಾದರೆ ನಿಮ್ಮ ಊರು ನಾಟಕದ ಹಿಂದಿನ ಪರದೆಯಷ್ಟೇ. ಅಲ್ಲಿನ ಹವಾಮಾನ, ಕಸುಬು, ಕಟ್ಟಳೆಗಳಲ್ಲಿ ಒಂದಾದರೂ ಪಾತ್ರದ ಮೇಲೆ ನಿರ್ಧಾರವನ್ನು ಹೇರಬೇಕು. ನದಿಗೆ ನೆರೆ ಬಂದ ಆರು ವಾರ ದೋಣಿ ಇಳಿಸಲಾಗದು ಎಂದಿದ್ದರೆ, ಸಾಲದ ಕಂತು ಆಗಲೇ ಬರಲಿ.

ಯಾರ ಕಣ್ಣಿನಿಂದ ಹೇಳುವುದು?

ಈ ಪ್ರಶ್ನೆಗೆ ಸ್ವಲ್ಪ ಹೆಚ್ಚು ಹೊತ್ತು ಕೊಡಿ, ಕಾದಂಬರಿ ನಿಲ್ಲುವುದೂ ಬೀಳುವುದೂ ಇದರ ಮೇಲೆ.

ಪ್ರವಾಸಿಯೇ ಕಥೆ ಹೇಳುವುದು ಸುಲಭ ಎನಿಸುತ್ತದೆ. ಆದರೆ ಅವನು ಪ್ರಶ್ನೆ ಕೇಳುತ್ತ ತಿರುಗುತ್ತಾನೆ, ಊರಿನವರು ಉತ್ತರ ಕೊಡುತ್ತ ನಿಲ್ಲುತ್ತಾರೆ. ಅವರೆಲ್ಲ ಅವನಿಗೆ ಪಾಠ ಹೇಳಲಿಕ್ಕೇ ಹುಟ್ಟಿದಂತೆ ಕಾಣತೊಡಗುತ್ತಾರೆ. ಇದೇ ದಾರಿ ಬೇಕೆಂದಿದ್ದರೆ ಅವನ ವಾಪಸ್ ಟಿಕೆಟ್ ಕಿತ್ತುಕೊಳ್ಳಿ. ದುಡ್ಡು ಮುಗಿಯಲಿ, ಕಾಯಿಲೆ ಬೀಳಲಿ, ಕೊಟ್ಟ ಮಾತೊಂದು ಹಿಡಿದು ನಿಲ್ಲಿಸಲಿ.

ಊರಿನವರೇ ಹೇಳುವುದಾದರೆ ನಿಮ್ಮ ಅರ್ಧ ಟಿಪ್ಪಣಿ ಬಿಟ್ಟುಕೊಡಬೇಕಾಗುತ್ತದೆ. ನಿಮಗೆ ಸೋಜಿಗವೆನಿಸಿದ್ದು ಅವರ ಕಣ್ಣಿಗೆ ಬೀಳುವುದೇ ಇಲ್ಲ. ದೋಣಿ ನಡೆಸುವಾಕೆ ನದಿಯ ಚೆಲುವನ್ನು ಬಣ್ಣಿಸುವುದಿಲ್ಲ. ನೀರು ಎಲ್ಲಿ ಕಪ್ಪಗಿದೆ, ಎಲ್ಲಿ ಕೆಂಪಗಿದೆ ಎಂದು ನೋಡುತ್ತಾಳೆ, ಏಕೆಂದರೆ ಆಳ ಎಷ್ಟೆಂದು ಅವಳಿಗೆ ಹೇಳುವುದು ಆ ಬಣ್ಣ. ಒಂದು ವರ್ಣನೆಯ ಸಾಲು ಉಳಿಯಬೇಕೋ ಹೋಗಬೇಕೋ ಎಂದು ತೀರ್ಮಾನಿಸುವಾಗ ಇದನ್ನೇ ಕೇಳಿ: ಈ ಮನುಷ್ಯರಿಗೆ ಇದನ್ನು ಗಮನಿಸುವ ಅಗತ್ಯವೇನು?

ಮೂರನೆಯ ದಾರಿ, ಊರು ಬಿಟ್ಟು ಹೋಗಿ ಬಹಳ ಕಾಲದ ಮೇಲೆ ಮರಳಿದವರ ಕಣ್ಣು. ಅವರಿಗೆ ಊರು ಗೊತ್ತು, ಬದಲಾದದ್ದೂ ಕಾಣುತ್ತದೆ. ಹೊರಗಿನವರಿಗೆ ವಿವರಿಸುವ ಕಾರಣವೂ ಇದೆ, ಒಳಗಿನವರ ಹಳೇ ಲೆಕ್ಕವೂ ಬಾಕಿ ಇದೆ. ಮೊದಲ ಕಾದಂಬರಿಗೆ ನಮ್ಮ ಆಯ್ಕೆ ಇದೇ. ಸೇತುವೆ ಕಟ್ಟಲು ಹೋದ ಮಗನೇ ಹೇಳುವವನಾದರೆ ಈ ಎರಡು ಅಂಚೂ ಅವನಲ್ಲಿ ಸೇರುತ್ತವೆ.

ಇನ್ನು ಅಳತೆಯ ಮಾತು. ಕನ್ನಡದಲ್ಲಿ ಪುಟಕ್ಕೆ 200ರಿಂದ 230 ಪದ ಹಿಡಿದರೆ, 45,000 ಪದದ ಕಾದಂಬರಿ ಇನ್ನೂರು ಪುಟದ ಆಸುಪಾಸು ಬರುತ್ತದೆ. ಮೊದಲ ಪ್ರಯತ್ನಕ್ಕೆ ಅಷ್ಟು ಧಾರಾಳ. ದಿನಕ್ಕೆ 500 ಪದ, ವಾರಕ್ಕೆ ಐದು ದಿನ ಬರೆದರೆ 18 ವಾರಕ್ಕೆ ಮೊದಲ ಕರಡು ಮುಗಿಯುತ್ತದೆ. ದೃಶ್ಯಗಳ ಲೆಕ್ಕದಲ್ಲಿ, ತಲಾ 1,250 ಪದದ 36 ದೃಶ್ಯ. ಒಂದೊಂದು ದೃಶ್ಯಕ್ಕೂ ಒಂದು ಚೀಟಿ ಮಾಡಿ, ಅದರ ಕೊನೆಯಲ್ಲಿ ಯಾರ ಸ್ಥಿತಿ ಹೇಗೆ ಬದಲಾಯಿತು ಎಂದು ಒಂದು ಸಾಲು ಬರೆಯಿರಿ. ಆ ಸಾಲು ಬರೆಯಲಾಗದ ದೃಶ್ಯ ಬಹುಪಾಲು ಊರಿನ ವರ್ಣನೆಯೇ ಆಗಿರುತ್ತದೆ.

ಎಲ್ಲಿ ಕೆಡುತ್ತದೆ

ಬರವಣಿಗೆ ಹತ್ತು ಹನ್ನೆರಡು ಸಾವಿರ ಪದದ ಹೊತ್ತಿಗೆ ನಿಂತುಹೋಗುವುದು ಸಾಮಾನ್ಯ. ನೋಡಿದ ಹೊಸತೆಲ್ಲ ಅಷ್ಟರೊಳಗೆ ಖರ್ಚಾಗಿರುತ್ತದೆ, ಮುಂದೆ ಎಳೆದೊಯ್ಯಲು ತೊಡಕು ಇರುವುದಿಲ್ಲ. ಮೊದಲಿಂದ ತಿದ್ದುತ್ತ ಕೂರಬೇಡಿ. ಆ ಮೂರು ಸಾಲಿಗೆ ಮರಳಿ, ಅಡ್ಡಿಯನ್ನು ಬಿಗಿಗೊಳಿಸಿ. ಸೇತುವೆ ಎಂಟು ತಿಂಗಳ ಬದಲು ನಾಲ್ಕೇ ತಿಂಗಳಲ್ಲಿ ತೆರೆಯಲಿ.

ಊರಿಗೆ ಬಂದಿಳಿಯುವ ದೃಶ್ಯದಿಂದ ಶುರು ಮಾಡುವುದು ಇನ್ನೊಂದು ಚಾಳಿ. ಮೊದಲ ಕರಡಿನಲ್ಲಿ ಇರಲಿ, ನಿಮಗೇ ದಾರಿ ಕಾಣಲು ಅದು ಬೇಕು. ತಿದ್ದುವಾಗ ತೊಡಕು ಶುರುವಾಗುವ ಪುಟದವರೆಗೆ ಕತ್ತರಿಸಿ. ಅರ್ನೆಸ್ಟ್ ಹೆಮಿಂಗ್ವೇ 1925ರ ಬೇಸಿಗೆಯಲ್ಲಿ ಪಾಂಪ್ಲೋನಾದ ಗೂಳಿ ಹಬ್ಬಕ್ಕೆ ಹೋಗಿ ಬಂದೊಡನೆ ಬರೆಯಲು ಕೂತ ‘ದಿ ಸನ್ ಆಲ್ಸೋ ರೈಸಸ್’ 1926ರಲ್ಲಿ ಅಚ್ಚಾಗುವ ಮುನ್ನ, ಲೇಖಕ ಗೆಳೆಯ ಫಿಟ್ಜ್‌ಜೆರಾಲ್ಡ್‌ನ ಟೀಕೆ ಕೇಳಿ ಆರಂಭದ ಪುಟಗಳನ್ನು ತೆಗೆದುಹಾಕಲಾಯಿತು.

ಅದೇ ಪುಸ್ತಕ ಇನ್ನೊಂದು ಎಚ್ಚರಿಕೆಯನ್ನೂ ಕೊಡುತ್ತದೆ. ಜೊತೆಗೆ ಹೋದ ಗೆಳೆಯರ ನಿಜವಾದ ಹೆಸರುಗಳು ಮೊದಲ ಕರಡಿನಲ್ಲಿದ್ದವು. ಹೆಸರು ಬದಲಿಸಿದ ಮೇಲೂ ಯಾರು ಯಾರೆಂದು ಎಲ್ಲರಿಗೂ ತಿಳಿಯಿತು, ಸ್ನೇಹ ಕೆಟ್ಟಿತು. ನಿಮಗೆ ಅನ್ನ ಹಾಕಿದವರನ್ನು, ದಾರಿ ತೋರಿಸಿದವರನ್ನು ಇದ್ದಂತೆ ಇಳಿಸಬೇಡಿ. ವಯಸ್ಸು, ಕಸುಬು, ಮನೆಯ ಸಂಬಂಧ ಈ ಮೂರನ್ನಾದರೂ ಬದಲಿಸಿ, ಇಬ್ಬರನ್ನು ಸೇರಿಸಿ ಒಬ್ಬರನ್ನಾಗಿ ಮಾಡಿ. ನಂಬಿ ಹೇಳಿದ ಗುಟ್ಟು ಎಷ್ಟೇ ಚೆನ್ನಾಗಿದ್ದರೂ ಮುಟ್ಟಬೇಡಿ.

ಓದಿ ತಿಳಿದ ಇತಿಹಾಸವನ್ನು ಮೂರು ಪುಟ ಸುರಿಯುವುದೂ ಆಗುತ್ತದೆ. ಯಾರಿಗಾದರೂ ಏನನ್ನಾದರೂ ಮಾಡಲು ಆ ಮಾಹಿತಿ ಬೇಕಾದಾಗ ಮಾತ್ರ ಬರಲಿ. ಹಾಗೆಂದು ಓದುವುದನ್ನು ಬಿಡಬೇಡಿ. ಹರ್ಮನ್ ಮೆಲ್ವಿಲ್ 1842ರಲ್ಲಿ ತಿಮಿಂಗಿಲ ಬೇಟೆಯ ಹಡಗು ಬಿಟ್ಟು ಪರಾರಿಯಾಗಿ ನುಕು ಹಿವಾ ದ್ವೀಪದ ಕಣಿವೆಯಲ್ಲಿ ಇದ್ದದ್ದು ಸುಮಾರು ಒಂದು ತಿಂಗಳು. ಅವನ ಮೊದಲ ಪುಸ್ತಕ ‘ಟೈಪಿ’ಯಲ್ಲಿ ಅದು ನಾಲ್ಕು ತಿಂಗಳಾಯಿತು, ಕಾಣದ್ದನ್ನು ಬೇರೆ ಪ್ರಯಾಣಿಕರ ಪುಸ್ತಕಗಳಿಂದ ತುಂಬಿಕೊಂಡ. ಅದನ್ನೇ ಅವನು ಕಂಡ ಸತ್ಯವೆಂದು ಮುಂದಿಟ್ಟದ್ದರಿಂದ 1846ರಲ್ಲಿ ಪುಸ್ತಕ ಬಂದಾಗ ಸಂಶಯವೂ ಎದ್ದಿತು. ಕಾದಂಬರಿ ಎಂದು ಕರೆದರೆ ನಿಮಗೆ ಆ ಹೊರೆ ಇಲ್ಲ.

ಊರನ್ನು ಬಲ್ಲವರು ಹಿಡಿಯುವ ತಪ್ಪು ಸಾಮಾನ್ಯವಾಗಿ ಕಾಲದ್ದು: ಅಮಾವಾಸ್ಯೆಗೆ ಎರಡು ದಿನ ಮೊದಲು ಸಂಜೆ ಬೆಳದಿಂಗಳು, ಕೊಯ್ಲಿನ ತಿಂಗಳಲ್ಲಿ ನಾಟಿ. ಕಥೆಯ ದಿನಗಳಿಗೆ ಒಂದು ಪುಟದ ಪಂಚಾಂಗ ಮಾಡಿಕೊಳ್ಳಿ. ತಿಂಗಳು, ಚಂದ್ರ, ಮಳೆ, ಬೆಳೆ, ಕಡಲ ದಂಡೆಯಾದರೆ ಉಬ್ಬರ ಇಳಿತ. ಒಂದೇ ಋತುವಿನಲ್ಲಿ ನೋಡಿದ್ದರೆ ಕಥೆಯನ್ನೂ ಆ ಋತುವಿನೊಳಗೆ ಮುಗಿಸುವುದು ಕ್ಷೇಮ. ಊರಿಗೆ ಕಲ್ಪಿತ ಹೆಸರಿಟ್ಟರೆ ಬೀದಿಗಳನ್ನು ಬೇಕಾದಂತೆ ತಿರುಗಿಸಬಹುದು, ಆದರೆ ಹವೆ ನಿಜವಾದ ಊರಿನದ್ದೇ ಇರಬೇಕು.

ಮತ್ತೆ ಅಲ್ಲಿಗೆ ಹೋಗಬೇಕೆ? ಹೋಗಿ, ಆದರೆ ಮೊದಲ ಕರಡು ಮುಗಿದ ಮೇಲೆ. ನಡುವೆ ಹೋದರೆ ಹೊಸ ಟಿಪ್ಪಣಿಗಳು ಬಂದು ಹಳೆಯ ಪಾತ್ರಗಳನ್ನು ಮೂಲೆಗೆ ತಳ್ಳುತ್ತವೆ. ಬರೆಯುವಾಗ ಗೊತ್ತಿಲ್ಲದ ಕಡೆಗಳಲ್ಲಿ ಗುರುತು ಹಾಕಿ ಮುಂದೆ ಸಾಗಿ. ಕೊನೆಗೆ ಆ ಗುರುತುಗಳನ್ನೆಲ್ಲ ಒಟ್ಟು ಮಾಡಿ, ಕೇಳಲೇಬೇಕಾದ ಇಪ್ಪತ್ತು ಪ್ರಶ್ನೆ ಆರಿಸಿ. ದೋಣಿಯ ಹಗ್ಗ ರಾತ್ರಿ ಎಲ್ಲಿ ಕಟ್ಟುತ್ತಾರೆ, ನೆರೆಯಲ್ಲಿ ದೋಣಿ ಹೋದರೆ ನಷ್ಟ ಯಾರದ್ದು, ಸಾಲ ಕೊಟ್ಟವರು ಕೇಳಲು ಮನೆಗೆ ಬರುತ್ತಾರೋ ದಡಕ್ಕೆ ಬರುತ್ತಾರೋ. ಹೋಗಲಾಗದಿದ್ದರೆ ಅದೇ ಪಟ್ಟಿಯನ್ನು, ಅದಕ್ಕೆ ಸಂಬಂಧಿಸಿದ ಪುಟಗಳ ಜೊತೆ, ಆ ಊರಿನ ಇಬ್ಬರಿಗಾದರೂ ಕೊಟ್ಟು ಓದಿಸಿ. ‘ಹೇಗಿದೆ’ ಎಂದು ಕೇಳಿದರೆ ಚೆನ್ನಾಗಿದೆ ಎಂದುಬಿಡುತ್ತಾರೆ. ಎಲ್ಲಿ ‘ಹೀಗೆ ನಡೆಯುವುದಿಲ್ಲ’ ಅನ್ನಿಸಿತೋ ಅಲ್ಲಿ ಗೀಟು ಹಾಕಿ ಕೊಡಿ ಎಂದು ಕೇಳಿ.