ರೆಕ್ಕೆ, ಕವಚ, ಕತ್ತಿ ಎಲ್ಲ ರಾತ್ರಿ ಬಸ್ಸಲ್ಲಿ ಹೋಗ್ತದಾ? ಕಾಮಿಕ್ ಕಾನ್‌ಗೆ ಹೊರಟವರ ಪ್ರಶ್ನೆ

ಪ್ರಶ್ನೆ: ನಾನು ಉಡುಪಿಯವಳು. ಈ ಸಲ ಬೆಂಗಳೂರು ಕಾಮಿಕ್ ಕಾನ್‌ಗೆ, ಅಂದ್ರೆ ಕಾಮಿಕ್ಸ್ ಅಭಿಮಾನಿಗಳು ಸೇರುವ ಆ ಜಾತ್ರೆಗೆ, ಫಸ್ಟ್ ಟೈಮ್ ಕಾಸ್‌ಪ್ಲೇ (ಕಥೆಯ ಪಾತ್ರದ ವೇಷ) ಮಾಡ್ಕೊಂಡು ಹೋಗುವ ಅಂತ ಉಂಟು. ಫೋಮಲ್ಲಿ ರೆಕ್ಕೆ, ಕವಚ, ಒಂದು ದೊಡ್ಡ ಕತ್ತಿ ಮಾಡ್ತಾ ಇದ್ದೇನೆ. ಇದನ್ನೆಲ್ಲ ಬಸ್ಸಲ್ಲಿ ಹೇಗೆ ತಗೊಂಡು ಹೋಗೋದು, ಅಲ್ಲಿ ಎಲ್ಲಿ ಹಾಕ್ಕೊಳ್ಳೋದು? ಮನೆಯಿಂದಲೇ ಹಾಕ್ಕೊಂಡು ಹೊರಟ್ರೆ ಆಗ್ತದಾ?

ಉತ್ತರ: ಆಗೋದಿಲ್ಲ ಮಾರಾಯ್ತಿ. ಮೊದಲು ಅದನ್ನ ಮಂಡೆಯಿಂದ ತೆಗೀರಿ.

ನಂಗೆ ಈ ಪ್ರಶ್ನೆ ನಮ್ಮ ಕಡೆಯವರೇ ಜಾಸ್ತಿ ಕೇಳೋದು, ಬೆಂಗಳೂರಿನವರಿಗೆ ಈ ರಗಳೆ ಇಲ್ಲ, ಅವ್ರು ರೂಮಲ್ಲಿ ವೇಷ ಕಟ್ಕೊಂಡು ಕ್ಯಾಬ್ ಹತ್ತಿ ಗೇಟಲ್ಲಿ ಇಳೀತಾರೆ. ನಮಗೆ ಮಧ್ಯದಲ್ಲಿ ಮಂಗಳೂರಿಂದ 350 ಕಿಲೋಮೀಟರ್ ಉಂಟು, ಉಡುಪಿಯಿಂದ ಆದ್ರೆ ಹತ್ರ ಹತ್ರ 400, ಅದ್ರ ಮೇಲೆ ಒಂದು ಘಾಟಿ. ಹಾಗಾಗಿ ನಮ್ಮ ವೇಷ ಮೊದಲು ಬಸ್ಸಿನ ಡಿಕ್ಕಿಗೆ ಹೊಂದ್ಬೇಕು, ಆಮೇಲೆ ಮೈಗೆ. ಇದು ಗೊತ್ತಿಲ್ಲದೆ ನಾನು ಫಸ್ಟ್ ಸಲ ಆರು ಅಡಿ ಅಗಲದ ರೆಕ್ಕೆ ಒಂದೇ ಪೀಸಲ್ಲಿ ಮಾಡಿ, ಬೆಡ್‌ಶೀಟ್ ಸುತ್ತಿ, ಡಿಕ್ಕಿಯಲ್ಲಿ ನಿಲ್ಲಿಸಿ ಬಂದೆ, ಬಿ.ಸಿ. ರೋಡಲ್ಲಿ ಯಾರದ್ದೋ ಎರಡು ತೆಂಗಿನಕಾಯಿ ಗೋಣಿ ಹತ್ತಿತು ಅಂತ ಕಾಣ್ತದೆ, ಶಿರಾಡಿಯ ಒಂದೊಂದು ತಿರುವಿಗೂ ಆ ಗೋಣಿ ನನ್ನ ರೆಕ್ಕೆ ಮೇಲೆ ಒರಗಿದೆ. ಬೆಳಿಗ್ಗೆ ಮೆಜೆಸ್ಟಿಕಲ್ಲಿ ತೆಗೆದು ನೋಡಿದ್ರೆ ಒಂದು ರೆಕ್ಕೆ ಮಡಚಿ ಹೋಗಿತ್ತು, ಇನ್ನೊಂದರ ಅಂಟು ಪೂರ್ತಿ ಬಿಟ್ಟಿತ್ತು. ಗರುಡ ಆಗ್ಬೇಕು ಅಂತ ಹೊರಟವ ಮಳೆಗೆ ನೆಂದ ಕಾಗೆ ಹಾಗೆ ಒಳಗೆ ಹೋದೆ. ಬಸ್ಸಿನವರನ್ನ ಬೈದು ಪ್ರಯೋಜನ ಇಲ್ಲ, ಡಿಕ್ಕಿ ಇರೋದೇ ಗೋಣಿಗೆ.

ಬುದ್ಧಿ ಬಂದದ್ದು ಆ ವರ್ಷದ್ದೇ ಒಂದು ಯಕ್ಷಗಾನ ಬಯಲಾಟದ ಚೌಕಿಯಲ್ಲಿ, ಅಂದ್ರೆ ಕಲಾವಿದರು ವೇಷ ಕಟ್ಕೊಳ್ಳುವ ಜಾಗದಲ್ಲಿ. ಸಣ್ಣದಿರುವಾಗಿಂದ ಚೌಕಿ ನೋಡಿದ್ದೇನೆ, ಆದ್ರೆ ಕಣ್ಣಿಟ್ಟು ನೋಡಿರ್ಲಿಲ್ಲ. ಮೇಳದವರು ಇವತ್ತು ಇಲ್ಲಿ, ನಾಳೆ ಇನ್ನೊಂದು ಊರು, ಆರು ತಿಂಗಳು ಇದೇ ತಿರುಗಾಟ, ಅಷ್ಟು ದೊಡ್ಡ ವೇಷ ಎಲ್ಲ ಹೋಗೋದು ಪೆಟ್ಟಿಗೆಯಲ್ಲಿ. ಹೇಗೆ ಅಂದ್ರೆ ಅದ್ರಲ್ಲಿ ಒಂದೂ ಅಖಂಡ ಇಲ್ಲ! ಭುಜಕೀರ್ತಿ ಬೇರೆ, ಎದೆಕಟ್ಟು ಬೇರೆ, ಡಾಬು ಬೇರೆ, ತೋಳುಕಟ್ಟು ಕೈಕಟ್ಟು ಕರ್ಣಪತ್ರ ಎಲ್ಲ ಬೇರೆ ಬೇರೆ ತುಂಡು, ಹಗುರ ಮರದ್ದು, ಎಲ್ಲದಕ್ಕೂ ದಾರ ಉಂಟು, ಮೈಮೇಲೆ ಒಂದೊಂದಾಗಿ ಬಿಗಿದು ಕಟ್ಟೋದು. ಬಡಗಿನ, ಅಂದ್ರೆ ಉತ್ತರದ ಶೈಲಿಯ, ಕೇದಗೆ ಮುಂದಲೆ ಅನ್ನುವ ತಲೆಕಟ್ಟನ್ನಂತೂ ಪ್ರತಿ ರಾತ್ರಿ ತಲೆ ಮೇಲೆ ಹೊಸತಾಗಿ ಬಟ್ಟೆ ಸುತ್ತಿಯೇ ಕಟ್ಟೋದು, ಆಟ ಮುಗಿದ ಮೇಲೆ ಬಿಚ್ಚಿದ್ರೆ ಅದು ಬರೀ ಬಟ್ಟೆ ಮತ್ತು ಹಗ್ಗ. ನಾನು ಯೂಟ್ಯೂಬಲ್ಲಿ ಅಮೆರಿಕದವರ ವಿಡಿಯೋ ನೋಡಿ ನೋಡಿ ಕಲಿಯದೇ ಇದ್ದದ್ದು ಇಲ್ಲಿ ಕಣ್ಣೆದುರೇ ಇತ್ತು.

ಹಾಗಾಗಿ ನಿಮ್ಮ ರೆಕ್ಕೆ ಇನ್ನೂ ಅರ್ಧ ಕೆಲಸದಲ್ಲಿ ಉಂಟು ಅಂತಾದ್ರೆ ಇವತ್ತೇ ತುಂಡು ಮಾಡಿ. ಅಳತೆ ಎಷ್ಟಿಡ್ಬೇಕು ಅಂದ್ರೆ ನಾನು ರೈಲ್ವೆಯವರ ಲೆಕ್ಕ ಹಿಡೀತೇನೆ, ಪ್ಯಾಸೆಂಜರ್ ಜೊತೆ ತಗೊಂಡು ಹೋಗುವ ಪೆಟ್ಟಿಗೆಗೆ ಅವ್ರ ಮಿತಿ 100 ಸೆಂಟಿಮೀಟರ್ ಉದ್ದ, 60 ಅಗಲ, 25 ಎತ್ತರ, ಸ್ಲೀಪರಲ್ಲಿ ಪುಕ್ಕಟೆ ತೂಕ 40 ಕೆಜಿ. ತೂಕ ನಮಗೆ ತೊಂದ್ರೆಯೇ ಅಲ್ಲ, ಫೋಮಿಗೆ ಎಂತ ತೂಕ, ತೊಂದ್ರೆ ಇರೋದು ಉದ್ದದ್ದು. ಯಾವ ತುಂಡೂ ಒಂದು ಮೀಟರ್ ದಾಟದ ಹಾಗೆ ಮಾಡಿದ್ರೆ ಲೋವರ್ ಬರ್ತಿನ ಅಡಿಗೆ ಹೋಗ್ತದೆ, ಡಿಕ್ಕಿಗೂ ಹೋಗ್ತದೆ, ಆಟೋದಲ್ಲಿ ಕಾಲ ಮೇಲೂ ಇಟ್ಕೊಳ್ಬಹುದು. ರೆಕ್ಕೆ ಒಂದೊಂದು ಬದಿ ಎರಡೆರಡು ತುಂಡು, ಜಾಯಿಂಟಿಗೆ ವೆಲ್ಕ್ರೋ ಮಾತ್ರ ನಂಬ್ಬೇಡಿ, ಅದ್ರ ಜೊತೆ ಒಂದು ದಾರ ಇರ್ಲಿ, ಚೌಕಿಯವರ ಹಾಗೆ. ಕತ್ತಿಗೆ ಒಳಗೆ ಪಿವಿಸಿ ಪೈಪ್ ಹಾಕಿ ನಡುವಲ್ಲಿ ಕಪ್ಲರ್ ಕೊಟ್ರೆ ಎರಡು ತುಂಡಾಗ್ತದೆ, ಬಂದರಿನ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದ್ರೂ ಕೊಡ್ತಾರೆ, ಎಂತಕ್ಕೆ ಅಂತ ಕೇಳಿದ್ರೆ ಮಾತ್ರ ಬಚ್ಚಲಿಗೆ ಅಂತ ಹೇಳಿ, ರಾಕ್ಷಸರನ್ನ ಕೊಲ್ಲುವ ಕತ್ತಿಗೆ ಅಂದ್ರೆ ಮಾತು ಉದ್ದ ಆಗ್ತದೆ.

ಪೆಟ್ಟಿಗೆ ಅಂದ್ರೆ ನಿಜವಾಗಿ ಪೆಟ್ಟಿಗೆಯೇ ಬೇಕು, ಬೆಡ್‌ಶೀಟ್ ಅಲ್ಲ. ಟಿವಿ ಬರುವ ರಟ್ಟಿನ ಬಾಕ್ಸ್ ಉಂಟಲ್ಲ, ಅದನ್ನ ಕತ್ತರಿಸಿ ಅಳತೆಗೆ ಮಾಡಿ ಟೇಪ್ ಹೊಡೀರಿ. ಎರಡನೇ ವರ್ಷ ಅಂಥದ್ದು ಹಿಡ್ಕೊಂಡು ಬಸ್ ಹತ್ತುವಾಗ ಕಂಡಕ್ಟರ್ ಒಮ್ಮೆ ಬಾಕ್ಸ್ ನೋಡಿ, ಒಮ್ಮೆ ಹೊರಗೆ ಇಣುಕಿದ ಕಿರೀಟದ ತುದಿ ನೋಡಿ, "ಯಾವ ಮೇಳ ನಿಮ್ಮದು?" ಅಂತ ಕೇಳಿದ್ರು, ಸೀರಿಯಸ್ಸಾಗಿಯೇ. ಬೆಂಗಳೂರು ಮೇಳ ಅಂದೆ. ಗೋಣಿಯಿಂದ ದೂರ ಇಟ್ಟು ಕೊಟ್ರು.

ಅಂಟಿನ ವಿಷಯ ಸ್ವಲ್ಪ ಬಿಡಿಸಿ ಹೇಳ್ತೇನೆ, ಯಾಕಂದ್ರೆ ಅರ್ಧ ಜನರ ವೇಷ ಹಾಳಾಗೋದು ಇದ್ರಿಂದಲೇ. ಗ್ಲೂ ಗನ್ನಿನ ಅಂಟು ಬೇಗ ಹಿಡೀತದೆ, ಆದ್ರೆ ಅದು ಬಿಸಿಗೆ ಕರಗಿದ ಪ್ಲಾಸ್ಟಿಕ್ ಅಷ್ಟೇ, ಪುನಃ ಬಿಸಿ ಸಿಕ್ಕಿದ್ರೆ ಪುನಃ ಮೆತ್ತಗಾಗ್ತದೆ, ಬಿಸಿಲಲ್ಲಿ ನಿಲ್ಲಿಸಿದ ಕಾರಾಗ್ಲಿ, ಇಂಜಿನ್ ಪಕ್ಕದ ಡಿಕ್ಕಿಯಾಗ್ಲಿ ಸಾಕು ಅದಕ್ಕೆ. ಭಾರ ಬೀಳುವ ಜಾಗಕ್ಕೆ ಫೆವಿಬಾಂಡ್ ಥರದ ರಬ್ಬರ್ ಅಂಟು ಹಾಕಿ, ಎರಡೂ ಬದಿಗೆ ತೆಳುವಾಗಿ ಹಚ್ಚಿ, ಬೆರಳಿಗೆ ಅಂಟದ ಹಾಗೆ ಒಣಗುವ ತನಕ ಕಾದು, ಆಮೇಲೆ ಒತ್ತಿ. ಕಿಟಕಿ ತೆಗೆದಿಟ್ಟೇ ಮಾಡಿ, ಅದ್ರ ವಾಸನೆಗೆ ಮಂಡೆ ತಿರುಗ್ತದೆ. ನಮ್ಮ ಕರಾವಳಿಯ ತೇವಕ್ಕೆ, ಅದೂ ಮಳೆ ಬರುವ ದಿನ, ಅಂಟಿನ ಮೇಲೆ ನೀರಿನ ಪಸೆ ಕೂತು ಸರಿ ಹಿಡಿಯೋದಿಲ್ಲ, ಪೈಂಟ್ ಕೂಡ ಹಾಗೆಯೇ, ಒಣಗಿತು ಅಂತ ಕಾಣ್ತದೆ, ಪ್ಯಾಕ್ ಮಾಡಿದ ಮೇಲೆ ಒಂದಕ್ಕೊಂದು ಅಂಟಿ ಬರ್ತದೆ. ಹಾಗಾಗಿ ಹೊರಡುವ ಒಂದು ವಾರ ಮೊದಲೇ ಪೈಂಟಿಂಗ್ ಮುಗಿಸಿ, ತುಂಡುಗಳ ನಡುವೆ ಹಳೇ ಕಾಟನ್ ಸೀರೆ ಹಾಕಿ. ನ್ಯೂಸ್‌ಪೇಪರ್ ಬೇಡ, ನನ್ನ ಕವಚದ ಮೇಲೆ ಒಂದ್ಸಲ ತಿಥಿಯ ಜಾಹೀರಾತು ಅಚ್ಚಾಗಿತ್ತು. ಸೂಪರ್ ಗ್ಲೂ ರಿಪೇರಿಗೆ ಒಂದು ಟ್ಯೂಬ್ ಇರ್ಲಿ, ಆದ್ರೆ ಅದು ಹತ್ತಿ ಬಟ್ಟೆ ಮೇಲೆ ಬಿದ್ರೆ ಜೋರು ಬಿಸಿ ಆಗ್ತದೆ, ಚರ್ಮ ಸುಟ್ಟೇ ಹೋಗ್ಬಹುದು, ವೇಷ ಮೈಮೇಲೆ ಇರುವಾಗ ಅದನ್ನ ಮುಟ್ಲೇಬೇಡಿ.

ಇನ್ನು ಕತ್ತಿ. ನಮ್ಮೂರಲ್ಲಿ ಕತ್ತಿ ಅಂದ್ರೆ ತೆಂಗಿನಕಾಯಿ ಕಡಿಯುವ ಕತ್ತಿ ಆದ್ರಿಂದ ಬಿಡಿಸಿಯೇ ಹೇಳ್ತೇನೆ, ಕಬ್ಬಿಣದ್ದು ಯಾವುದೂ ಬೇಡ, ಅಜ್ಜನ ಕಾಲದ್ದಾದ್ರೂ ಬೇಡ, ಮೊಂಡಾಗಿದ್ರೂ ಬೇಡ. ಗೇಟಲ್ಲಿ ಪ್ರಾಪ್ ಚೆಕ್ ಮಾಡ್ತಾರೆ, ಅದಕ್ಕಿಂತ ಮೊದಲು ಮೆಟ್ರೋದ ಎಕ್ಸ್‌ರೇ ಮಷಿನ್ ಉಂಟು, ಅದ್ರಲ್ಲಿ ಕತ್ತಿ ಆಕಾರ ಕಂಡ್ರೆ ಫೋಮಾದ್ರೂ ಬಾಕ್ಸ್ ಬಿಚ್ಚಿಸಿ ಕೇಳ್ತಾರೆ. ಆಗ ನಗಾಡದೆ, ಡೈಲಾಗ್ ಹೊಡೆಯದೆ, ಬಗ್ಗಿಸಿ ತೋರಿಸಿ. ಬಂದೂಕು ಥರದ್ದು ಮಾಡ್ತಾ ಇಲ್ಲ ಅಂತ ಅಂದ್ಕೊಳ್ತೇನೆ, ಮಾಡ್ತಾ ಇದ್ರೆ ಬಿಟ್ಬಿಡಿ.

ಹೋಗುವ ದಾರಿ. ಉಡುಪಿಯಿಂದ ನಂಗೆ ಕೇಳಿದ್ರೆ ಬಸ್ಸಿಗಿಂತ ಪಂಚಗಂಗಾ ಎಕ್ಸ್‌ಪ್ರೆಸ್ ಒಳ್ಳೇದು, ಕಾರವಾರದಿಂದ ಬರೋದು, ರಾತ್ರಿ ಪಯಣ, ಪೆಟ್ಟಿಗೆ ನಿಮ್ಮ ಕಣ್ಣೆದುರೇ ಬರ್ತಿನ ಅಡಿ ಇರ್ತದೆ. ಮಂಗಳೂರಿನವರಿಗೆ ಸೆಂಟ್ರಲ್ ಸ್ಟೇಷನ್ ಮೇಲೆ ಹೋಗುವ ಬೆಂಗಳೂರು ರೈಲುಂಟು. ಕಾನ್ ಈಚೆಗೆ ನವೆಂಬರಿಂದ ಜನವರಿ ಒಳಗೆ ಯಾವಾಗಾದ್ರೂ ಒಂದು ಶನಿವಾರ ಆದಿತ್ಯವಾರ ಬೀಳ್ತದೆ, ಅದೇ ಹೊತ್ತಿಗೆ ಮದುವೆ ಸೀಸನ್ನೂ ಕ್ರಿಸ್ಮಸ್ಸೂ, ಹಾಗಾಗಿ ಡೇಟ್ ಅನೌನ್ಸ್ ಆದ ದಿನವೇ ಶುಕ್ರವಾರ ರಾತ್ರಿದು ಬುಕ್ ಮಾಡಿ, ಇಲ್ಲಾಂದ್ರೆ ವೇಟಿಂಗ್ ಲಿಸ್ಟ್. ಜಾಗ ವೈಟ್‌ಫೀಲ್ಡಿನ ಕೆಟಿಪಿಒ ಅನ್ನುವ ಎಕ್ಸಿಬಿಷನ್ ಹಾಲ್, ನಮ್ಮ ಲೆಕ್ಕದಲ್ಲಿ ಬೆಂಗಳೂರಿನ ಆಚೆ ತುದಿ. ಮೊದಲು ಇದು ದೊಡ್ಡ ತಲೆನೋವು, ಈಗ ಮೆಜೆಸ್ಟಿಕಿಂದ ನೇರಳೆ ಲೈನಲ್ಲಿ ಕೂತ್ರೆ ಒಂದೇ ರೈಲು, 2023ರ ಅಕ್ಟೋಬರಲ್ಲಿ ಬೈಯಪ್ಪನಹಳ್ಳಿ–ಕೆ.ಆರ್. ಪುರದ ಬಾಕಿ ತುಂಡು ಸೇರಿದ ಮೇಲೆ. ಹತ್ರ ಹತ್ರ ಒಂದು ಗಂಟೆ.

ಎಲ್ಲಿ ಹಾಕ್ಕೊಳ್ಳೋದು ಅಂತ ಕೇಳಿದ್ರಿ. ಸುಲಭದ್ದು ಅಂದ್ರೆ ಬೆಂಗಳೂರಲ್ಲಿ ಚಿಕ್ಕಮ್ಮನೋ ಕಸಿನ್ನೋ ಯಾರಾದ್ರೂ ಇರ್ತಾರಲ್ಲ, ಉಡುಪಿಯವರಿಗೆ ಇಲ್ಲದೆ ಹೋಗೋದಿಲ್ಲ. ಅಲ್ಲಿ ಸ್ನಾನ ಮಾಡಿ, ಇಡ್ಲಿ ತಿಂದು, ಮೇಕಪ್ಪು ಮತ್ತು ಒಳಗಿನ ಬಟ್ಟೆ ಹಾಕ್ಕೊಂಡು, ಮೇಲೊಂದು ಅಂಗಿ ಹಾಕಿ ಹೊರಡಿ, ಕವಚ ರೆಕ್ಕೆ ಎಲ್ಲ ಹಾಲ್ ಹತ್ರ ಕಟ್ಕೊಳ್ಳಿ. ಅಲ್ಲಿ ಬಟ್ಟೆ ಬದಲಾಯಿಸುವ ರೂಮ್ ಸಿಕ್ಕಿದ್ರೂ ಎದುರು ಕ್ಯೂ ಇರ್ತದೆ, ಒಳಗೆ ಕನ್ನಡಿ ಎದುರು ನಾಲ್ಕು ಜನ ಜಪಾನಿ ಹುಡುಗೀರು, ಅಂದ್ರೆ ಜಯನಗರದವರೇ. ನಿಮ್ಮ ಸ್ವಂತ ಸಣ್ಣ ಕನ್ನಡಿ ಇರ್ಲಿ. ಚೌಕಿಯಲ್ಲೂ ಪ್ರತಿಯೊಬ್ಬರಿಗೂ ಅವರವರ ಕನ್ನಡಿ, ಬಣ್ಣ ಅವರವರೇ ಹಚ್ಕೊಳ್ಳೋದು.

ಮೈಗೆ ಬಣ್ಣ ಹಚ್ಚುವ ಪ್ಲಾನ್ ಇದ್ರೆ ಹುಲಿವೇಷದವರ ಪೈಂಟ್ ಕಡೆ ಹೋಗ್ಬೇಡಿ. ಅದನ್ನ ತೆಗೀಲಿಕ್ಕೆ ಸೀಮೆಎಣ್ಣೆ ಬೇಕು. ಅಷ್ಟಮಿಗೋ ನವರಾತ್ರಿಗೋ ವ್ರತದ ಹಾಗೆ ಹಚ್ಕೊಳ್ಳುವವರ ತಾಳ್ಮೆ ಬೇರೆ. ನೀರಲ್ಲಿ ಹೋಗುವ ಫೇಸ್ ಪೈಂಟ್ ಸಾಕು, ಹಿಂದಿನ ದಿನವೇ ಮೊಣಕೈ ಒಳಗೆ ಸ್ವಲ್ಪ ಹಚ್ಚಿ ತುರಿಕೆ ಬರ್ತದಾ ನೋಡಿ. ಇನ್ನೊಂದು, ನೀವು ಕೇಳ್ಲಿಲ್ಲ, ಆದ್ರೂ ಹೇಳ್ತೇನೆ, ಊರಿನದ್ದೇ ಏನಾದ್ರೂ ಮಾಡುವ ಅಂತ ದೈವದ (ಭೂತಕೋಲದ) ವೇಷಕ್ಕೆ ಕೈ ಹಾಕ್ಬೇಡಿ. ಸಿನಿಮಾ ನೋಡಿ ಥಿಯೇಟರಿಗೆ ಹಾಗೆ ಕಟ್ಕೊಂಡು ಬಂದವರಿಂದ ನಮ್ಮಲ್ಲಿ ಎಷ್ಟು ಜನರಿಗೆ ನೋವಾಯ್ತು ಅಂತ ಗೊತ್ತುಂಟಲ್ಲ, ಅದು ವೇಷ ಅಲ್ಲ ನಮಗೆ. ಯಕ್ಷಗಾನದ್ದು ಬೇರೆ, ಅದು ಕಲೆ, ಗೌರವದಿಂದ ಮಾಡಿದ್ರೆ ನಂಗೆ ಖುಷಿಯೇ.

ಹೊರಡುವ ಮೊದಲು ಮನೆಯಲ್ಲಿ ಫುಲ್ ವೇಷ ಕಟ್ಕೊಂಡು ಎರಡು ಗಂಟೆ ಇರಿ. ಮೆಟ್ಟಿಲು ಹತ್ತಿ ಇಳೀರಿ, ನೀರು ಕುಡೀರಿ, ಕೂತ್ಕೊಳ್ಳಿ, ಬಾತ್ರೂಮಿಗೆ ಹೋಗಿ ಬನ್ನಿ. ಕೊನೇದ್ದು ಆಗ್ಲಿಲ್ಲ ಅಂತಾದ್ರೆ ವೇಷ ಬದಲಾಯಿಸಿ, ತಮಾಷೆ ಅಲ್ಲ, ಬಾತ್ರೂಮಿಗೆ ಹೆದರಿ ಬೆಳಿಗ್ಗೆಯಿಂದ ನೀರೇ ಕುಡಿಯದೆ ಮಧ್ಯಾಹ್ನ ತಲೆ ತಿರುಗಿ ಕೂತವರನ್ನ ನೋಡಿದ್ದೇನೆ. ಫೋಮಿನೊಳಗೆ ಗಾಳಿ ಆಡೋದಿಲ್ಲ, ಮಂಗಳೂರು ಸೆಕೆಯಲ್ಲಿ ಬೆಳೆದವರು ನಾವು ಅಂತ ಜಂಬ ಬೇಡ, ಅಲ್ಲಿ ಬೆವರು ಹೊರಗೆ ಹೋಗ್ಲಿಕ್ಕೇ ದಾರಿ ಇಲ್ಲ. ಜೊತೆಗೆ ಮಾಮೂಲಿ ಬಟ್ಟೆಯಲ್ಲಿ ಒಬ್ಬ ಫ್ರೆಂಡ್ ಇರ್ಲೇಬೇಕು, ನೀರು ಹಿಡೀಲಿಕ್ಕೆ, ರೆಕ್ಕೆ ಯಾರ ಕಣ್ಣಿಗೂ ತಾಗದ ಹಾಗೆ ನೋಡ್ಲಿಕ್ಕೆ, ಫೋಟೋ ಕೇಳದೆ ಮೈಮೇಲೆ ಬೀಳುವವರನ್ನ ದೂರ ಇಡ್ಲಿಕ್ಕೆ. ವೇಷ ಹಾಕಿದ್ರೆ ಮುಟ್ಟಬಹುದು ಅಂತ ಅಲ್ಲ, ನ್ಯೂಯಾರ್ಕ್ ಕಾಮಿಕ್ ಕಾನ್‌ನವರು 2014ರಲ್ಲಿ ಇದನ್ನ ದೊಡ್ಡ ಬೋರ್ಡ್ ಮಾಡಿಯೇ ನಿಲ್ಲಿಸಿದ್ರು. ಬೇಡ ಅನಿಸಿದ್ರೆ ಬೇಡ ಅನ್ನಿ, ದಾಕ್ಷಿಣ್ಯ ಎಂತಕ್ಕೆ.

ಅಂದಹಾಗೆ ಈ ವೇಷದ ಹುಚ್ಚು ಶುರುವಾದದ್ದೂ ಹೊಲಿಗೆ ಗೊತ್ತಿದ್ದ ಒಬ್ಬಳಿಂದ, 1939ರಲ್ಲಿ ನ್ಯೂಯಾರ್ಕಿನ ಸೈನ್ಸ್ ಫಿಕ್ಷನ್ ಸಮ್ಮೇಳನಕ್ಕೆ ಮಿರ್ಟಲ್ ಡಗ್ಲಸ್ ಅಂತ ಒಬ್ರು ತನಗೂ ಫಾರೆಸ್ಟ್ ಆಕರ್ಮನ್‌ಗೂ ಭವಿಷ್ಯದ ಕಾಲದ ಡ್ರೆಸ್ ಮಾಡಿ ಹಾಕ್ಕೊಂಡು ಹೋದ್ರು. ಹೆಸರು ಜಾಸ್ತಿ ಬಂದದ್ದು ಆಕರ್ಮನ್‌ಗೆ. ಇರ್ಲಿ.

ಪೆಟ್ಟಿಗೆಯಲ್ಲಿ ಹೋಗುವಾಗಲೇ ಸ್ವಲ್ಪ ಜಾಗ ಬಿಟ್ಟಿರಿ, ಬರುವಾಗ ಪುಸ್ತಕ ಇರ್ತದೆ. ದೊಡ್ಡ ಸ್ಟಾಲುಗಳ ಟೀಶರ್ಟು ಬೊಂಬೆ ಎಲ್ಲ ಆನ್‌ಲೈನಲ್ಲೂ ಸಿಕ್ತದೆ, ದುಡ್ಡು ಇಟ್ಕೊಳ್ಳೋದಿದ್ರೆ ಸಾಲಾಗಿ ಸಣ್ಣ ಟೇಬಲ್ ಹಾಕಿ ಕೂತ ಆರ್ಟಿಸ್ಟುಗಳಿಗೆ ಇಟ್ಕೊಳ್ಳಿ. ನಮಗೆ ಈ ಕಾನ್ ಪರಊರಿನದ್ದು ಅಂತಲೂ ಅನಿಸ್ಬಾರ್ದು, ಅಮರ ಚಿತ್ರ ಕಥೆಯ ಅನಂತ ಪೈ ಹುಟ್ಟಿದ್ದು ನಿಮ್ಮ ಜಿಲ್ಲೆಯ ಕಾರ್ಕಳದಲ್ಲೇ, 1929ರಲ್ಲಿ. 2011ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಇಂಡಿಯಾದ ಫಸ್ಟ್ ಕಾಮಿಕ್ ಕಾನ್ ಆದಾಗ ಜೀವಮಾನ ಸಾಧನೆ ಪ್ರಶಸ್ತಿ ಕೊಟ್ಟದ್ದು ಅವರಿಗೆ, ಅದಾಗಿ ಐದೇ ದಿನಕ್ಕೆ, 24ನೇ ತಾರೀಕು ತೀರಿಹೋದ್ರು. ಆ ಬಾಕ್ಸ್ ಹಿಡ್ಕೊಂಡು ರೈಲು ಹತ್ತುವಾಗ ನಂಗೆ ಒಮ್ಮೊಮ್ಮೆ ಇದು ನೆನಪಾಗ್ತದೆ.

ಆದಿತ್ಯವಾರ ಸಂಜೆ ರೈಲಿಗೆ ಹೊರಡುವ ಮೊದಲು ಮುಖ ಪೂರ್ತಿ ತೊಳೀರಿ, ನಿದ್ದೆಗಣ್ಣಿಗೆ ಕಾಡಿಗೆ ಇಳಿದು ಬೆಳಿಗ್ಗೆ ಎದುರು ಬರ್ತಿನ ಮಗು ಅಳ್ಬಾರ್ದು. ಮನೆಗೆ ಬಂದವರು ಪೆಟ್ಟಿಗೆಯನ್ನ ಹಾಗೇ ಅಟ್ಟಕ್ಕೆ ಹಾಕ್ಬೇಡಿ, ಬೆವರು ಕುಡಿದ ಪಟ್ಟಿಗಳನ್ನ ಬಿಚ್ಚಿ ತೊಳೆದು, ಫೋಮನ್ನ ನೆರಳಲ್ಲಿ ಒಣಗಿಸಿ, ಆಮೇಲೆ ಇಡಿ. ಜೂನಲ್ಲಿ ತೆಗೆದು ನೋಡಿದ್ರೆ ನನ್ನ ಮೊದಲನೇ ಕವಚದ ಒಳಬದಿಗೆ ಪೂರ್ತಿ ಹಸಿರು ಬೂಸ್ಟು ಹಿಡಿದಿತ್ತು.