ಅಗ್ಗಿಷ್ಟಿಕೆಯ ಕಲ್ಲಿಗೆ ಆಸಿಡ್ ಬೇಡ, ಸಿಮೆಂಟೂ ಬೇಡ

ನಂದಿ ಬೆಟ್ಟದ ಸುತ್ತಿನ ತೋಟದ ಮನೆಗಳಲ್ಲಿ ನನಗೆ ದುರಸ್ತಿಗೆ ಸಿಗುವ ಅಗ್ಗಿಷ್ಟಿಕೆಗಳಲ್ಲಿ ಹೆಚ್ಚಾಗಿ ಎರಡು ಬಗೆಯ ಕಲ್ಲುಗಳಿರುತ್ತವೆ: ಕಂಬ ಮತ್ತು ತೊಲೆಗೆ ನಮ್ಮ ಸೀಮೆಯ ಬೂದು ಗ್ರಾನೈಟ್, ಮುಂದಿನ ಹಾಸಿಗೆ ಕಡಪ ಕಲ್ಲು. ಮಸಿ ಹಿಡಿದೊಡನೆ ಮನೆಯವರ ಕೈ ಹೋಗುವುದು ಬಚ್ಚಲು ತೊಳೆಯುವ ಆಸಿಡ್ಡಿನ ಬಾಟಲಿಗೆ. ಕಡಪ ಸುಣ್ಣದ ಜಾತಿಯ ಕಲ್ಲಾದ್ದರಿಂದ ಆಸಿಡ್ ಅದರ ಮೈಯನ್ನೇ ತಿಂದು ಬಿಳಿಚಿಸುತ್ತದೆ. ಗ್ರಾನೈಟ್ ಹಾಗೆ ಕರಗದಿದ್ದರೂ, ಅದರ ಕಪ್ಪು ಅಭ್ರಕದಲ್ಲಿರುವ ಕಬ್ಬಿಣದ ಅಂಶ ಬಿಟ್ಟುಕೊಂಡು ತುಕ್ಕಿನ ಹಳದಿ ಕಲೆ ಮೂಡಬಹುದು. ಮಸಿಯಿಂದ ಕಲ್ಲಿಗೆ ಇಷ್ಟು ಹಾನಿಯಿಲ್ಲ.

ಕಲ್ಲು ಪೂರ್ತಿ ತಣ್ಣಗಾದ ಮೇಲೆ ಇಲ್ಲಣವನ್ನು ಒಣ ಬ್ರಷ್ಷಿನಿಂದಲೇ ಉದುರಿಸಬೇಕು. ಮೊದಲೇ ನೀರು ಹಾಕಿದರೆ ಮಸಿ ಕಲ್ಲಿನ ರಂಧ್ರಗಳಿಗೆ ಇಳಿಯುತ್ತದೆ. ತಂತಿ ಬ್ರಷ್ ಬಳಸಿದರೆ ಅದರ ಚೂರುಗಳು ಉಳಿದು ತುಕ್ಕು ಹಿಡಿಯುತ್ತವೆ. ಉಳಿದ ಕಲೆಗೆ ಮುಲ್ತಾನಿ ಮಿಟ್ಟಿ ಮತ್ತು ಅಡುಗೆ ಸೋಡಾವನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ಬಳಿದು, ಒಂದು ದಿನ ಪ್ಲಾಸ್ಟಿಕ್ ಹೊದಿಸಿಟ್ಟು, ಬಳಿಕ ತೆರೆದು ಒಣಗಿಸಿ, ಮರದ ಪಟ್ಟಿಯಿಂದ ಎಬ್ಬಿಸಬೇಕು. ಮೂಲೆಯೊಂದರಲ್ಲಿ ಮೊದಲು ಪರೀಕ್ಷಿಸುವುದು ಒಳ್ಳೆಯದು.

ಬಿರುಕಿನ ವಿಷಯ ಬೇರೆ. ನಮ್ಮ ಕಡೆಯ ಕಲ್ಲುಕುಟಿಗರು ಬಂಡೆಯ ಮೇಲೆ ಸೌದೆ ಉರಿಸಿ ಚಪ್ಪಡಿ ಎಬ್ಬಿಸುತ್ತಿದ್ದುದನ್ನು ಹಿರಿಯರು ಬಲ್ಲರು. ಬಿಸಿಯಾದ ಮೇಲ್ಪದರ ಹಿಗ್ಗಿ, ತಣ್ಣಗಿರುವ ಒಳಭಾಗದಿಂದ ಬಿಡಿಸಿಕೊಳ್ಳುತ್ತದೆ. ಉರಿಗೆ ನೇರವಾಗಿ ಒಡ್ಡಿದ ಗ್ರಾನೈಟಿನಲ್ಲಿ ನಡೆಯುವುದೂ ಇದೇ. ಅದರಲ್ಲಿರುವ ಸ್ಫಟಿಕಶಿಲೆ 573 ಡಿಗ್ರಿ ಸೆಲ್ಸಿಯಸ್ ಬಳಿ ಒಮ್ಮೆಲೇ ಹಿಗ್ಗುತ್ತದೆ. ಹಾಗಾಗಿ ಚಕ್ಕೆ ಎದ್ದ ಒಳಗೋಡೆಗೆ ತೇಪೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಉರಿಯ ಶಾಖ ತಾಳುವ ಬೆಂಕಿ ಇಟ್ಟಿಗೆಯ ಪದರ ಕಟ್ಟಿ, ಕಲ್ಲಿಗೂ ಇಟ್ಟಿಗೆಗೂ ನಡುವೆ ಹಿಗ್ಗಲು ತುಸು ತೆರಪು ಬಿಡಿಸುತ್ತೇನೆ.

ಹೊರಗಿನ ಸಂದುಗಳಿಗೆ ಸಿಮೆಂಟ್ ತುಂಬಿದ್ದರೆ, ಕಲ್ಲು ಹಿಗ್ಗುವಾಗ ಅದು ಮಣಿಯದೆ ಅಂಚುಗಳನ್ನೇ ಒಡೆಯುತ್ತದೆ. ಅದನ್ನು ಸಣ್ಣ ಉಳಿಯಿಂದ ಸುಮಾರು 25 ಮಿಲಿಮೀಟರ್ ಆಳಕ್ಕೆ ಕೆತ್ತಿ ತೆಗೆದು, ಸಂದನ್ನು ನೆನೆಸಿ, ಒಂದು ಪಾಲು ಸುಣ್ಣ, ಒಂದು ಪಾಲು ಸುರ್ಕಿ (ಸುಟ್ಟ ಇಟ್ಟಿಗೆಯ ಪುಡಿ), ಎರಡು ಪಾಲು ಮರಳಿನ ಗಾರೆಯನ್ನು ಒತ್ತಿ ತುಂಬಿಸಬೇಕು. (ಯಂತ್ರದಿಂದ ಕತ್ತರಿಸಲು ಹೋಗಿ ಕಲ್ಲಿನ ಅಂಚನ್ನೇ ಸೀಳಿಟ್ಟ ಮೇಸ್ತ್ರಿಗಳನ್ನು ನಾನು ಕಂಡಿದ್ದೇನೆ.) ಗಾರೆಯನ್ನು ಒಂದು ವಾರ ಒದ್ದೆ ಗೋಣಿಯಿಂದ ಮುಚ್ಚಿಟ್ಟು, ಒಂದು ತಿಂಗಳು ಕಳೆದ ಮೇಲೆ ಚೆನ್ನಾಗಿ ಒಣಗಿದ ಸೌದೆಯಿಂದ ಸಣ್ಣ ಉರಿ ಹಾಕಬಹುದು. ಹಸಿ ನೀಲಗಿರಿ ಬೇಡ, ಅದರ ಹೊಗೆ ಚಿಮಣಿಯೊಳಗೆ ಟಾರಿನಂತೆ ಅಂಟುತ್ತದೆ.